ಜೊತೆಗಾರ್ತಿಯನ್ನೂ ಕರೆತನ್ನಿ

ಪುಣೆಯ ಕೊಥ್ರೂಡ್‌ನಲ್ಲಿರುವ ನನ್ನ ಫಿಸಿಯೊಥೆರಪಿ ಚಿಕಿತ್ಸಾಲಯಕ್ಕೆ ಮಹಿಳೆಯರ ಡಬಲ್ಸ್ ಬ್ಯಾಡ್ಮಿಂಟನ್ ಆಡುವ ಹುಡುಗಿಯೊಬ್ಬಳು ಭುಜವನ್ನೋ ಮಂಡಿಯನ್ನೋ ಹಿಡಿದುಕೊಂಡು ಬಂದಾಗ, ಹೆಸರು, ವಯಸ್ಸು ಬರೆದುಕೊಂಡ ಕೂಡಲೇ ನಾನು ಕೇಳುವುದು ‘ನಿನ್ನ ಜೊತೆ ಆಡುವವಳು ಯಾರು, ಅವಳು ಯಾವ ಕೈಯವಳು?’ ಎಂದು. ಧಾರವಾಡ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಹಿಂಜವಡಿಯ ಕಂಪನಿಗಳಲ್ಲಿ ಕೆಲಸ ಮಾಡುತ್ತಿರುವ ಕನ್ನಡಿಗ ಪೋಷಕರು ನಾನೂ ಕನ್ನಡ ಮಾತನಾಡುವವಳೆಂಬ ಸಲುಗೆಯಿಂದ ನನ್ನ ಬಳಿ ಬರುತ್ತಾರೆ, ಮತ್ತು ಅದೇ ಸಲುಗೆಯಿಂದ ‘ನೋವು ನಮ್ಮ ಮಗಳಿಗಲ್ಲವೇ ಮೇಡಂ, ಆ ಹುಡುಗಿಯ ವಿಷಯ ಯಾಕೆ?’ ಎಂದು ಕೇಳುತ್ತಾರೆ. ಡಬಲ್ಸ್ ಆಟಗಾರ್ತಿಯ ಚಿಕಿತ್ಸೆಯಲ್ಲಿ ಆ ಇನ್ನೊಬ್ಬ ಹುಡುಗಿಯೂ ರೋಗಿಯೇ ಎಂಬುದನ್ನು ಅವರಿಗೆ ನಿಧಾನವಾಗಿ ಬಿಡಿಸಿ ಹೇಳಬೇಕಾಗುತ್ತದೆ.

ಈ ಪ್ರಶ್ನೆಯನ್ನು ನನಗೆ ಕಲಿಸಿದ್ದು ನನ್ನದೇ ಒಂದು ತಪ್ಪು. ವೃತ್ತಿಯ ಆರಂಭದ ವರ್ಷಗಳಲ್ಲಿ, ರಾಜ್ಯಮಟ್ಟದಲ್ಲಿ ಆಡುತ್ತಿದ್ದ ಒಬ್ಬ ಹುಡುಗಿಯ ಎಡಮಂಡಿಗೆ ಚಿಕಿತ್ಸೆ ನೀಡಿ, ‘ಆಡಬಹುದು, ಆದರೆ ಹಿಂದಿನ ಮೂಲೆಯಲ್ಲಿ ಎಗರಿ ಹೊಡೆಯುವುದು ಸದ್ಯಕ್ಕೆ ಬೇಡ’ ಎಂದು ಹೇಳಿ ಕಳುಹಿಸಿದೆ. ಅವಳು ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು, ಮಂಡಿಯೂ ಸುಧಾರಿಸಿತು. ಎರಡು ತಿಂಗಳು ಕಳೆಯುವುದರೊಳಗೆ ಅವಳ ಜೊತೆಗಾರ್ತಿ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಲಾಗದೆ ನನ್ನ ಮುಂದೆ ಕುಳಿತಿದ್ದಳು. ಮೊದಲನೆಯವಳು ಬಿಟ್ಟುಕೊಟ್ಟ ಹೊಡೆತಗಳನ್ನೆಲ್ಲ ಎರಡನೆಯವಳು ಹೊಡೆದಿದ್ದಳು. ಆ ಹೊಡೆತಗಳು ಯಾರ ಪಾಲಿಗೆ ಹೋಗುತ್ತವೆ ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ಒಕ್ಕಲುತನದ ಮನೆಯಲ್ಲಿ ಬೆಳೆದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಜೋಡೆತ್ತಿನಲ್ಲಿ ಒಂದು ಕಾಲೆಳೆಯತೊಡಗಿದರೆ ನಮ್ಮ ಅಜ್ಜ ಕುಂಟುವ ಎತ್ತಿನ ಗೊರಸು ನೋಡಿದ ಮೇಲೆ ಇನ್ನೊಂದರ ಹೆಗಲನ್ನೂ ಸವರಿ ನೋಡುತ್ತಿದ್ದರು, ನೊಗ ಉಜ್ಜಿ ಅಲ್ಲಿ ಬಾವು ಬಂದಿದೆಯೇ ಎಂದು.

ಆಟದ ನಿಯಮದಲ್ಲೇ ಇದರ ಬೇರು ಇದೆ. ಟೇಬಲ್ ಟೆನಿಸ್ ಡಬಲ್ಸ್‌ನಲ್ಲಿ ಇಬ್ಬರೂ ಸರದಿಯಂತೆ ಚೆಂಡನ್ನು ಹೊಡೆಯಲೇಬೇಕು, ಆದ್ದರಿಂದ ಶ್ರಮ ತಾನಾಗಿಯೇ ಸರಿಪಾಲಾಗುತ್ತದೆ. ಬ್ಯಾಡ್ಮಿಂಟನ್‌ನಲ್ಲಿ ಸರ್ವ್ ಮತ್ತು ಅದರ ಮರುಹೊಡೆತ ಮುಗಿದ ಮೇಲೆ ಯಾರು ಬೇಕಾದರೂ ಎಷ್ಟು ಬಾರಿಯಾದರೂ ಹೊಡೆಯಬಹುದು. ಎದುರಾಳಿಗಳು ಒಬ್ಬಳ ಮೇಲೆಯೇ ಹತ್ತಾರು ಹೊಡೆತಗಳನ್ನು ಸುರಿಯಬಹುದು, ಅಥವಾ ಕುಂಟುತ್ತಿರುವವಳನ್ನು ಗುರುತಿಸಿ ಅವಳ ಮೂಲೆಯನ್ನೇ ಹುಡುಕಬಹುದು. ಬದಲಿ ಆಟಗಾರ್ತಿಗೆ ಅವಕಾಶವಿಲ್ಲ. ಒಬ್ಬಳು ನಿಂತರೆ ಜೋಡಿಯೇ ನಿಂತಂತೆ. 6.10 ಮೀಟರ್ ಅಗಲದ ಅಂಕಣದಲ್ಲಿ ಇಬ್ಬರೂ ಅಕ್ಕಪಕ್ಕ ನಿಂತು ರಕ್ಷಿಸುವಾಗ ಒಬ್ಬೊಬ್ಬರ ಪಾಲಿಗೆ ಬರುವುದು 3.05 ಮೀಟರ್. ಸಿಂಗಲ್ಸ್ ಆಟಗಾರ್ತಿ ಕಾಯುವ 5.18 ಮೀಟರಿಗೆ ಹೋಲಿಸಿದರೆ ಇದು ಕಡಿಮೆಯೆನಿಸುತ್ತದೆ, ಪೋಷಕರೂ ಡಬಲ್ಸ್ ಎಂದರೆ ಅರ್ಧ ಶ್ರಮ ಎಂದೇ ತಿಳಿದಿರುತ್ತಾರೆ. ಆದರೆ ಇಲ್ಲಿ ಶಟಲ್ ಹಿಂತಿರುಗಿ ಬರುವ ನಡುವಿನ ಸಮಯ ತೀರ ಕಿರಿದು. ದೇಹ ದೂರಕ್ಕೆ ಓಡುವ ಬದಲು ಒಂದೇ ಜಾಗದಲ್ಲಿ ಬಗ್ಗುತ್ತ, ತಿರುಗುತ್ತ, ಎಗರುತ್ತ, ನಿಲ್ಲುತ್ತ ದಣಿಯುತ್ತದೆ.

ಎಷ್ಟು ದಣಿಯಬಹುದೆಂಬುದಕ್ಕೆ ಎರಡು ಉದಾಹರಣೆ ಸಾಕು. 2016ರ ಏಷ್ಯಾ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ಜಪಾನಿನ ನಾವೊಕೊ ಫುಕುಮನ್–ಕುರುಮಿ ಯೊನಾವೊ ಜೋಡಿ ಮತ್ತು ಇಂಡೊನೇಷ್ಯಾದ ಗ್ರೇಸಿಯಾ ಪೊಲಿ–ನಿತ್ಯಾ ಕೃಷಿಂದಾ ಮಹೇಶ್ವರಿ ಜೋಡಿ 161 ನಿಮಿಷ ಆಡಿದವು. 2023ರ ಮಲೇಷ್ಯಾ ಮಾಸ್ಟರ್ಸ್‌ನಲ್ಲಿ ಆತಿಥೇಯ ದೇಶದ ಪರ್ಲಿ ತಾನ್–ತಿನಾ ಮುರಳೀಧರನ್ ಮತ್ತು ಜಪಾನಿನ ರೆನಾ ಮಿಯಾವುರಾ–ಅಯಾಕೊ ಸಕುರಾಮೊಟೊ ಜೋಡಿಗಳ ನಡುವೆ ಒಂದೇ ಒಂದು ಅಂಕಕ್ಕಾಗಿ 211 ಹೊಡೆತಗಳ ರ‍್ಯಾಲಿ ನಡೆಯಿತು. ಪುರುಷರ ಡಬಲ್ಸ್‌ನಲ್ಲಿ ಸ್ಮ್ಯಾಷ್‌ನ (ಮೇಲಿನಿಂದ ಕೆಳಕ್ಕೆ ಬಲವಾಗಿ ಬಡಿಯುವ ಹೊಡೆತದ) ವೇಗವೇ ಬಹಳಷ್ಟು ರ‍್ಯಾಲಿಗಳನ್ನು ಬೇಗ ಮುಗಿಸುತ್ತದೆ. ಮಹಿಳೆಯರ ಡಬಲ್ಸ್‌ನಲ್ಲಿ ರಕ್ಷಣೆ ಆಕ್ರಮಣಕ್ಕೆ ಸರಿಸಮನಾಗಿ ನಿಲ್ಲುತ್ತದೆ. ಹಿಂದಿನಿಂದ ಒಬ್ಬಳು ಸ್ಮ್ಯಾಷ್ ಹೊಡೆಯುತ್ತಾಳೆ, ಎದುರಿನವರು ಎತ್ತಿ ಕಳುಹಿಸುತ್ತಾರೆ, ಮತ್ತೆ ಸ್ಮ್ಯಾಷ್, ನಡುವೆ ನೆಟ್ ಹತ್ತಿರ ಮೆಲ್ಲಗೆ ಬೀಳಿಸುವ ಒಂದು ಡ್ರಾಪ್, ಮತ್ತೆ ಎತ್ತಿ ಕಳುಹಿಸುವ ಲಿಫ್ಟ್. ಜಪಾನಿನ ಜೋಡಿಗಳು ಬೇಕೆಂದೇ ಶಟಲ್ ಎತ್ತಿಕೊಟ್ಟು ‘ಹೊಡೆಯಿರಿ, ನೋಡೋಣ’ ಎಂಬಂತೆ ಎದುರಾಳಿಯ ಭುಜವನ್ನು ದಣಿಸುವುದನ್ನು ಒಂದು ಕಲೆಯಾಗಿಯೇ ಬೆಳೆಸಿದ್ದಾರೆ. ಈ ನಡುವೆ ಸಿಗುವ ನಿಗದಿತ ವಿರಾಮವೆಂದರೆ, ಗೇಮೊಂದರಲ್ಲಿ ಒಂದು ಕಡೆಯವರು 11 ಅಂಕ ಮುಟ್ಟಿದಾಗ 60 ಸೆಕೆಂಡು, ಎರಡು ಗೇಮ್‌ಗಳ ನಡುವೆ 120 ಸೆಕೆಂಡು.

ದೇಹದ ಒಳಗೆ ಆಗ ನಡೆಯುವುದನ್ನು ನನ್ನ ಅನುಭವದಿಂದ ಹೇಳುತ್ತೇನೆ. ರಕ್ಷಿಸುವವಳು ಮಂಡಿಗಳನ್ನು ಮಡಚಿ, ಸೊಂಟವನ್ನು ತಗ್ಗಿಸಿ, ರ‍್ಯಾಕೆಟ್ಟನ್ನು ಎದೆಯ ಮುಂದೆ ಹಿಡಿದು, ಕುರ್ಚಿಯಿಲ್ಲದೆ ಕುಳಿತ ಹಾಗೆ ನಿಂತಿರುತ್ತಾಳೆ. ತೊಡೆಯ ಸ್ನಾಯು ಸೋತ ಕೂಡಲೇ ಮಂಡಿ ನೇರವಾಗುತ್ತದೆ, ಬೆನ್ನು ಬಾಗುತ್ತದೆ. ಅಲ್ಲಿಂದ ಮುಂದೆ ಪ್ರತಿಯೊಂದು ತಗ್ಗಿನ ಸ್ಮ್ಯಾಷನ್ನೂ ಅವಳು ಕೆಳಬೆನ್ನಿನಿಂದ ಎತ್ತುತ್ತಾಳೆ. ಕೆಳಬೆನ್ನಿನ ನೋವೆಂದು ಬರುವ ಎಷ್ಟೋ ಡಬಲ್ಸ್ ಹುಡುಗಿಯರಿಗೆ ನಿಜವಾಗಿ ಬೇಕಾದದ್ದು ತೊಡೆಯ ಸಹನಶಕ್ತಿ. ಆಕ್ರಮಿಸುವವಳ ಕಷ್ಟ ಬೇರೆ. ಬಲಗೈಯವಳು ತನ್ನ ಎಡಹಿಂಬದಿಯ ಮೂಲೆಗೆ ಬಂದ ಶಟಲನ್ನು ಬ್ಯಾಕ್‌ಹ್ಯಾಂಡಿಗೆ, ಅಂದರೆ ಮುಂಗೈಯ ಹಿಂಬದಿಯ ಹೊಡೆತಕ್ಕೆ, ಬಿಡದೆ, ಮೈಯನ್ನು ಎಡಕ್ಕೆ ವಾಲಿಸಿ ತಲೆಯ ಮೇಲಿನಿಂದ ಹೊಡೆದಾಗ, ಇಳಿಯುವುದು ಎಡಗಾಲೊಂದರ ಮೇಲೆ. ಆ ಕ್ಷಣದಲ್ಲಿ ಸೊಂಟ ಹೊರಗೆ ಜಾರಿ ಮಂಡಿ ಒಳಕ್ಕೆ ಕುಸಿದರೆ, ಮಂಡಿಯ ಮುಂಭಾಗದ ಅಡ್ಡ ಅಸ್ಥಿರಜ್ಜು, ಅಂದರೆ ಎಲ್ಲರೂ ಎಸಿಎಲ್ ಎಂದು ಕರೆಯುವ ಹುರಿ, ಹರಿಯಬಹುದು. ಯಾರೂ ತಳ್ಳಿರುವುದಿಲ್ಲ, ಯಾರೂ ಡಿಕ್ಕಿ ಹೊಡೆದಿರುವುದಿಲ್ಲ. ಬ್ಯಾಡ್ಮಿಂಟನ್‌ನ ಎಸಿಎಲ್ ಗಾಯಗಳಲ್ಲಿ ನಾವು ಹೆಚ್ಚಾಗಿ ಕಾಣುವ ಬಗೆಯೇ ಇದು.

ಆದ್ದರಿಂದಲೇ ಯಾವ ಕೈಯವಳು ಎಂದು ಕೇಳುತ್ತೇನೆ. ನಮ್ಮ ಕೊಡವ ಮನೆತನದ, ಬೆಂಗಳೂರಿನ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ, 2011ರಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು; ಪ್ರಕಾಶ್ ಪಡುಕೋಣೆಯವರ 1983ರ ಕಂಚಿನ ನಂತರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ದಕ್ಕಿದ ಎರಡನೆಯ ಪದಕ ಅದು. ಅಶ್ವಿನಿ ಬಲಗೈ ಆಟಗಾರ್ತಿ, ಜ್ವಾಲಾ ಎಡಗೈ. ಎಡ-ಬಲ ಜೋಡಿಯಲ್ಲಿ ಎಡಗೈಯವಳು ಎಡಕ್ಕೆ, ಬಲಗೈಯವಳು ಬಲಕ್ಕೆ ನಿಂತರೆ ಎರಡೂ ಹೊರಬದಿಗಳಲ್ಲಿ ಫೋರ್‌ಹ್ಯಾಂಡ್, ಅಂದರೆ ಅಂಗೈ ಬದಿಯ ಹೊಡೆತ, ಇರುತ್ತದೆ. ಅದಲುಬದಲಾದರೆ ಎರಡು ಫೋರ್‌ಹ್ಯಾಂಡ್‌ಗಳೂ ಅಂಕಣದ ನಡುವೆ ಸೇರುತ್ತವೆ. ಎದುರಾಳಿ ಪ್ರತಿ ಹೊಡೆತಕ್ಕೂ ಲೆಕ್ಕವನ್ನು ಹೊಸದಾಗಿ ಹಾಕಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ ಮತ್ತು ನಾಲ್ಕು ವಿಶ್ವ ಪ್ರಶಸ್ತಿಗಳನ್ನು ಗೆದ್ದಿರುವ ಚೀನಾದ ಚೆನ್ ಚಿಂಗ್‌ಚೆನ್–ಜಿಯಾ ಯಿಫಾನ್ ಜೋಡಿಯಲ್ಲೂ ಜಿಯಾ ಎಡಗೈಯವರು. ಫಿಸಿಯೊಗೆ ಇದರ ಅರ್ಥ ಇನ್ನೂ ಒಂದಿದೆ. ಎಡಗೈಯವಳಿಗೆ ಅಪಾಯದ ಮೂಲೆ ಬಲಹಿಂಬದಿ, ಇಳಿಯುವ ಕಾಲು ಬಲಗಾಲು. ಇಬ್ಬರೂ ತಂತಮ್ಮ ಫೋರ್‌ಹ್ಯಾಂಡ್ ಬದಿಯ ಮೂಲೆಯನ್ನು ಹಿಡಿದುಕೊಂಡರೆ, ತಲೆಯ ಮೇಲಿನಿಂದ ಹೊಡೆದು ಒಂಟಿಕಾಲಿನಲ್ಲಿ ಇಳಿಯುವ ಪ್ರಸಂಗಗಳನ್ನೇ ಕಡಿಮೆ ಮಾಡಬಹುದು. ಇಬ್ಬರೂ ಬಲಗೈಯವರಾದ ಜೋಡಿಗೆ ಈ ಅನುಕೂಲವಿಲ್ಲ. ಎಡಮೂಲೆ ಯಾರದಾದರೊಬ್ಬಳ ಮಂಡಿಯ ಮೇಲೆಯೇ ಬೀಳುತ್ತದೆ.

ಜೋಡಿಯನ್ನು ಒಂದೇ ದೇಹವೆಂದು ನೋಡಬೇಕೆಂಬುದಕ್ಕೆ ನಾನು ವಿದ್ಯಾರ್ಥಿನಿಯರಿಗೆ ತೋರಿಸುವುದು ಟೋಕಿಯೊ ಒಲಿಂಪಿಕ್ಸ್‌ನ ಜಪಾನ್ ಜೋಡಿಯನ್ನು. ಯುಕಿ ಫುಕುಷಿಮಾ ಮತ್ತು ಸಯಾಕಾ ಹಿರೊಟಾ ತವರು ನೆಲದಲ್ಲಿ ಪದಕದ ದೊಡ್ಡ ಭರವಸೆಯಾಗಿದ್ದರು. ಕೂಟಕ್ಕೆ ಕೆಲವೇ ವಾರಗಳಿರುವಾಗ, 2021ರ ಜೂನ್‌ನಲ್ಲಿ, ಹಿರೊಟಾ ಅವರ ಬಲಮಂಡಿಯ ಎಸಿಎಲ್ ಹರಿಯಿತು. ಅವರು ದಪ್ಪನೆಯ ಬ್ರೇಸ್ ಕಟ್ಟಿಕೊಂಡು ಆಡಲಿಳಿದರು. ಆ ಪಂದ್ಯಗಳಲ್ಲಿ ಬ್ರೇಸ್‌ನ ಮೇಲೆ ಎಲ್ಲರ ಕಣ್ಣು. ನಾನು ಫುಕುಷಿಮಾ ಅವರನ್ನು ನೋಡಿ ಎಂದು ಹೇಳುತ್ತೇನೆ. ಕ್ವಾರ್ಟರ್‌ಫೈನಲ್‌ನಲ್ಲಿ ಚೆನ್–ಜಿಯಾ ಎದುರು ಮೊದಲ ಗೇಮನ್ನು ಈ ಜೋಡಿಯೇ ಗೆದ್ದಿತು. ಆಮೇಲಿನ ಎರಡರಲ್ಲೂ ದಕ್ಕಿದ್ದು ತಲಾ 10 ಅಂಕ. ಒಬ್ಬಳು ನಡೆಯಲಾಗದ ದೂರವನ್ನು ಇನ್ನೊಬ್ಬಳು ಒಂದು ಗೇಮಿನ ಮಟ್ಟಿಗೆ ನಡೆಯಬಲ್ಲಳು, ಮೂರಕ್ಕೆ ಅದು ಸಾಲುವುದಿಲ್ಲ ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ. ಹಿರೊಟಾ ಅವರ ಧೈರ್ಯಕ್ಕೆ ನನ್ನ ಗೌರವವಿದೆ. ಆದರೆ ಒಲಿಂಪಿಕ್ಸ್ ಎಂಬ ಒಂದೇ ಬಾಗಿಲಿನ ಎದುರು ನಿಂತ ಪ್ರಬುದ್ಧ ಆಟಗಾರ್ತಿ, ವೈದ್ಯರೆಲ್ಲರನ್ನೂ ಕೇಳಿ ಮಾಡಿದ ಆಯ್ಕೆಯನ್ನು ಹದಿನೈದರ ಹುಡುಗಿಗೆ ಮಾದರಿಯಾಗಿ ತೋರಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎಸಿಎಲ್ ಶಸ್ತ್ರಚಿಕಿತ್ಸೆಯಾದ ಹುಡುಗಿಯನ್ನು ಒಂಬತ್ತು ತಿಂಗಳಿಗಿಂತ ಮೊದಲು ಸ್ಪರ್ಧೆಗೆ ನಾನು ಬಿಡುವುದಿಲ್ಲ, ಎಷ್ಟೇ ದೊಡ್ಡ ಟೂರ್ನಿಯಿದ್ದರೂ.

ಹೊರೆಯನ್ನು ಜಾಣ್ಮೆಯಿಂದ ಹಂಚಿಕೊಂಡರೆ ಏನಾಗಬಹುದೆಂಬುದನ್ನೂ ಅದೇ ಟೋಕಿಯೊ ತೋರಿಸಿತು. ಚಿನ್ನ ಗೆದ್ದ ಇಂಡೊನೇಷ್ಯಾದ ಗ್ರೇಸಿಯಾ ಪೊಲಿ 1987ರಲ್ಲಿ ಹುಟ್ಟಿದವರು, ಜೊತೆಗಾರ್ತಿ ಅಪ್ರಿಯಾನಿ ರಹಾಯು 1998ರಲ್ಲಿ. ಶ್ರೇಯಾಂಕವಿಲ್ಲದೆ ಬಂದ ಈ ಜೋಡಿ ಫೈನಲ್‌ನಲ್ಲಿ ಚೆನ್–ಜಿಯಾ ಅವರನ್ನು 21-19, 21-15ರಿಂದ ಸೋಲಿಸಿತು. ನಮ್ಮಲ್ಲಿ ಅಶ್ವಿನಿ ತಮಗಿಂತ ಸುಮಾರು 14 ವರ್ಷ ಕಿರಿಯಳಾದ, ಗೋವಾ ಮೂಲದ ಕುಟುಂಬದ ತನಿಷಾ ಕ್ರಾಸ್ಟೊ ಜೊತೆಗೂಡಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು. ಅಲ್ಲಿ ಗುಂಪಿನ ಮೂರೂ ಪಂದ್ಯಗಳಲ್ಲಿ ಸೋಲಾಯಿತು ನಿಜ, ಆದರೆ ಮೂವತ್ತು ದಾಟಿದ ದೇಹವೊಂದು ಹೊಸ ಜೊತೆಗಾರ್ತಿಯೊಂದಿಗೆ ಆ ಹಂತಕ್ಕೆ ಮತ್ತೆ ಏರಿದ್ದೇ ನನ್ನ ವೃತ್ತಿಯವರು ಗಮನಿಸಬೇಕಾದ ಸಂಗತಿ. ಇಂಥ ಜೋಡಿಗಳಿಗೆ ತರಬೇತಿಯ ಹೊರೆಯನ್ನು ತಕ್ಕಡಿಯಲ್ಲಿಟ್ಟು ಅರ್ಧರ್ಧ ಹಂಚುವುದು ಸರಿಯಲ್ಲ. ಹಿರಿಯಳ ಚೇತರಿಕೆಗೆ ಹೆಚ್ಚು ದಿನ ಬೇಕು, ಕಿರಿಯಳ ಬೆಳೆಯುವ ಸ್ನಾಯುರಜ್ಜುಗಳಿಗೆ ಹೊರೆ ಮೆಲ್ಲಮೆಲ್ಲನೆ ಏರಬೇಕು.

ನಮ್ಮ ಕಡೆಯ ತರಬೇತಿ ಕೇಂದ್ರಗಳ ಬಗ್ಗೆ ನನಗೊಂದು ದೂರಿದೆ. ಬ್ರಿಟಿಷರ ಕಾಲದಲ್ಲಿ ಈ ಆಟಕ್ಕೆ ‘ಪೂನಾ’ ಎಂದೇ ಹೆಸರಿದ್ದ ಊರಿದು. ಬಾಲೆವಾಡಿಯಲ್ಲಿ ಸುಸಜ್ಜಿತ ಕ್ರೀಡಾ ಸಂಕೀರ್ಣವಿದೆ, ಸಂಜೆಯ ಹೊತ್ತು ಬಡಾವಣೆಗೊಂದರಂತೆ ಅಂಕಣಗಳು ತುಂಬಿರುತ್ತವೆ. ಆದರೂ ಡಬಲ್ಸ್ ಎಂದರೆ ಸಿಂಗಲ್ಸ್‌ನಲ್ಲಿ ಮುಂದೆ ಬಾರದವರಿಗೆ ಉಳಿದ ದಾರಿ ಎಂಬ ಭಾವನೆ ಹೋಗಿಲ್ಲ. ಹದಿನಾರರವರೆಗೆ ಹುಡುಗಿಗೆ ಸಿಂಗಲ್ಸ್‌ನ ಹೆಜ್ಜೆಗಳನ್ನೇ ಕಲಿಸುತ್ತಾರೆ: ಮೂಲೆಗೆ ಓಡು, ಹೊಡೆ, ನಡುವಿಗೆ ಮರಳು. ಡಬಲ್ಸ್‌ನಲ್ಲಿ ಮರಳಬೇಕಾದ ನಡು ಎಂಬುದೇ ಇಲ್ಲ; ಜೊತೆಗಾರ್ತಿ ಎಲ್ಲಿದ್ದಾಳೋ ಅದರ ಮೇಲೆ ತನ್ನ ಜಾಗ ನಿರ್ಧಾರವಾಗುತ್ತದೆ. ಹಳೆಯ ಅಭ್ಯಾಸದಲ್ಲಿ ನಡುವಿಗೆ ಓಡಿಬರುವವಳು ಜೊತೆಗಾರ್ತಿಗೆ ಡಿಕ್ಕಿ ಹೊಡೆಯುತ್ತಾಳೆ, ಇಲ್ಲವೇ ಅರ್ಧದಲ್ಲಿ ತಡೆದು ನಿಂತು ಕಣಕಾಲು ಉಳುಕಿಸಿಕೊಳ್ಳುತ್ತಾಳೆ. ಮೇಲಾಗಿ ಟೂರ್ನಿಗೊಬ್ಬಳಂತೆ ಜೊತೆಗಾರ್ತಿಯನ್ನು ಬದಲಿಸುತ್ತಾರೆ. ಟ್ರೀಸಾ ಜಾಲಿ ಮತ್ತು ಗಾಯತ್ರಿ ಗೋಪಿಚಂದ್ 2022 ಮತ್ತು 2023ರಲ್ಲಿ ಸತತವಾಗಿ ಆಲ್ ಇಂಗ್ಲೆಂಡ್ ಸೆಮಿಫೈನಲ್ ತಲುಪಿದ್ದು, 2024ರಲ್ಲಿ ಸೈಯದ್ ಮೋದಿ ಟೂರ್ನಿಯ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳಾ ಜೋಡಿಯಾದದ್ದು, ಹದಿಹರೆಯದಲ್ಲೇ ಕೂಡಿ ಒಟ್ಟಿಗೆ ಉಳಿದದ್ದರ ಫಲ ಎಂದು ನಾನು ನಂಬುತ್ತೇನೆ.

ಈಗ ನನ್ನಲ್ಲಿಗೆ ಬರುವ ಜೋಡಿಗೆ ಮಾಡುವುದು ಇಷ್ಟು. ಇಬ್ಬರನ್ನೂ ಒಂದೇ ದಿನ ಕರೆಯುತ್ತೇನೆ. ಹಲಗೆಯ ಮೆಟ್ಟಿಲಿನಿಂದ ಒಂಟಿಕಾಲಿನಲ್ಲಿ ಇಳಿಯುವುದನ್ನು ಮುಂದಿನಿಂದ ಚಿತ್ರೀಕರಿಸಿ ಮಂಡಿ ಎತ್ತ ಸಾಗುತ್ತದೆಂದು ನೋಡುತ್ತೇನೆ, ಭುಜ ಹೊರಕ್ಕೆ ತಿರುಗುವ ಬಲವನ್ನು ಎರಡೂ ಬದಿಗೆ ಅಳೆಯುತ್ತೇನೆ, ರಕ್ಷಣೆಯ ಭಂಗಿಯಲ್ಲಿ ತೊಡೆ ನಡುಗುವವರೆಗಿನ ಸಮಯವನ್ನು ಬರೆದುಕೊಳ್ಳುತ್ತೇನೆ. ಅದಕ್ಕಿಂತ ಮುಖ್ಯವಾದದ್ದು ಎಣಿಕೆ. ಅವರ ಇತ್ತೀಚಿನ ಪಂದ್ಯವೊಂದರ ವಿಡಿಯೊ ಹಾಕಿ, ತಲೆಯ ಮೇಲಿನ ಹೊಡೆತ ಯಾರು ಎಷ್ಟು ಹೊಡೆದರು, ಹಿಂದಿನ ಮೂಲೆಯಲ್ಲಿ ಒಂಟಿಕಾಲಿನಲ್ಲಿ ಯಾರು ಎಷ್ಟು ಸಲ ಇಳಿದರು ಎಂದು ಗೆರೆ ಹಾಕಿಸುತ್ತೇನೆ. ಒಬ್ಬಳ ಎಣಿಕೆಯನ್ನು ಇನ್ನೊಬ್ಬಳೇ ಮಾಡಬೇಕು. ‘ನಾನು ಮುಂದೆ ನಿಂತಿರುತ್ತೇನೆ, ಅವಳು ಹಿಂದೆ’ ಎಂದು ಸಲೀಸಾಗಿ ಹೇಳುವ ಹುಡುಗಿ, ಜೊತೆಗಾರ್ತಿಯ ಹೆಸರಿನ ಕೆಳಗೆ ಗೆರೆಗಳು ತುಂಬುತ್ತ ಹೋದಂತೆ ಮಾತು ನಿಲ್ಲಿಸುತ್ತಾಳೆ. ಎಷ್ಟೋ ಸಲ ನನ್ನ ಅರ್ಧ ಚಿಕಿತ್ಸೆ ಅಲ್ಲಿಗೇ ಮುಗಿದಿರುತ್ತದೆ.

ಗಾಯದಿಂದ ಮರಳುವವಳಿಗೆ ನಾನು ಬರೆದುಕೊಡುವ ಚೀಟಿಯಲ್ಲಿ ಈಗ ಎರಡು ಕಾಲಂಗಳಿವೆ. ಎಡಗಡೆ ಅವಳು ಯಾವ ವಾರ ಎಷ್ಟು ಎಗರಬಹುದು, ಯಾವ ಮೂಲೆಗೆ ಹೋಗಬಾರದು ಎಂಬುದು. ಬಲಗಡೆ, ಅವಳು ಬಿಟ್ಟ ಹೊಡೆತಗಳಿಗೆ ಬದಲಾಗಿ ಜೊತೆಗಾರ್ತಿ ಏನು ಮಾಡಬೇಕು ಎಂಬುದು: ಎಲ್ಲವನ್ನೂ ಸ್ಮ್ಯಾಷ್ ಮಾಡದೆ ಮೂರಕ್ಕೊಂದನ್ನು ಡ್ರಾಪ್ ಮಾಡುವುದು, ಎತ್ತರದ ಲಿಫ್ಟ್ ಬಂದಾಗ ಕ್ಲಿಯರ್ (ಎದುರಾಳಿಯ ಹಿಂಬದಿಗೆ ಎತ್ತರದಲ್ಲಿ ಕಳುಹಿಸುವ ಹೊಡೆತ) ಹೊಡೆದು ಉಸಿರು ತೆಗೆದುಕೊಳ್ಳುವುದು, ಅಭ್ಯಾಸದ ಪಂದ್ಯವನ್ನು 21ಕ್ಕೆ ಒಯ್ಯದೆ 11ಕ್ಕೆ ನಿಲ್ಲಿಸುವುದು. ಚೀಟಿಯ ಕೆಳಗೆ ಸಹಿಗೆ ಮೂರು ಜಾಗಗಳಿವೆ, ಇಬ್ಬರು ಹುಡುಗಿಯರಿಗೆ ಮತ್ತು ಕೋಚ್‌ಗೆ. ಮೂರೂ ಸಹಿ ಬೀಳುವವರೆಗೆ ಚೀಟಿ ನನ್ನ ಮೇಜಿನ ಮೇಲೆಯೇ ಇರುತ್ತದೆ.