‘ನಮ್ಮದೇ ನಂಬರ್ ಒನ್ ನೆಟ್‌ವರ್ಕ್’: ಯಾವ ಲೆಕ್ಕದಲ್ಲಿ?

2009ರ ನವೆಂಬರ್‌ನಲ್ಲಿ ಅಮೆರಿಕದ ಅಟ್ಲಾಂಟಾದ ಫೆಡರಲ್ ಕೋರ್ಟಿನಲ್ಲಿ ಎಟಿ ಆಂಡ್ ಟಿ ಕಂಪನಿ ಒಂದು ಕೇಸು ಹಾಕಿತು. ಎದುರಾಳಿ ವೆರೈಝನ್. ಎರಡೂ ಆ ದೇಶದ ದೈತ್ಯ ಮೊಬೈಲ್ ಕಂಪನಿಗಳು. ಜಗಳ ಶುರುವಾಗಿದ್ದು ಒಂದು ಟಿವಿ ಜಾಹೀರಾತಿನಿಂದ. ಆಗ ಐಫೋನ್ ಬೇಕಂದರೆ ಎಟಿ ಆಂಡ್ ಟಿಗೇ ಹೋಗಬೇಕಿತ್ತು. ‘ಅದಕ್ಕೂ ಒಂದು ಆಪ್ ಇದೆ’ ಅನ್ನುವ ಐಫೋನ್ ಜಾಹೀರಾತು ಎಲ್ಲರ ಬಾಯಲ್ಲಿತ್ತು. ವೆರೈಝನ್ ಅದನ್ನೇ ಅಣಕಿಸಿ ‘ಅದಕ್ಕೂ ಒಂದು ಮ್ಯಾಪ್ ಇದೆ’ ಅಂದಿತು. ಪರದೆ ಮೇಲೆ ಅಮೆರಿಕದ ಎರಡು ನಕ್ಷೆ. ವೆರೈಝನ್‌ನ 3ಜಿ ಇರುವ ಕಡೆ ಕೆಂಪು, ದೇಶದ ಬಹುಪಾಲು ಕೆಂಪೋ ಕೆಂಪು. ಎಟಿ ಆಂಡ್ ಟಿಯದ್ದು ನೀಲಿ, ಅಲ್ಲೊಂದು ಚುಕ್ಕೆ ಇಲ್ಲೊಂದು ಚುಕ್ಕೆ. ಉಳಿದದ್ದೆಲ್ಲ ಬಿಳಿ.

ಎಟಿ ಆಂಡ್ ಟಿ ‘ನಕ್ಷೆ ಸುಳ್ಳು’ ಅನ್ನಲಿಲ್ಲ. ಅದರ 3ಜಿ ಇದ್ದದ್ದೇ ಅಷ್ಟು. ಅದರ ತಕರಾರು ಬೇರೆ. ಬಿಳಿ ಜಾಗ ನೋಡಿದ ಜನ ಅಲ್ಲಿ ಫೋನೇ ಹತ್ತುವುದಿಲ್ಲ ಅಂದುಕೊಳ್ಳುತ್ತಾರೆ, ಅಲ್ಲೆಲ್ಲ ನಮ್ಮ ಹಳೆಯ 2ಜಿ ಚೆನ್ನಾಗೇ ಇದೆ ಅಂತ. ವೆರೈಝನ್ ಕೊಟ್ಟ ಉತ್ತರ ಖಾರವಾಗಿತ್ತು: ಜಾಹೀರಾತು ಸುಳ್ಳು ಅಂತ ಇವರು ಕೇಸು ಹಾಕಿಲ್ಲ, ನಿಜ ಅಂತಲೇ ಹಾಕಿದ್ದಾರೆ, ನಿಜ ನೋವು ಕೊಡುತ್ತದೆ. ಜಾಹೀರಾತನ್ನು ತಕ್ಷಣ ನಿಲ್ಲಿಸಲು ನ್ಯಾಯಾಧೀಶರು ಒಪ್ಪಲಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ಇಬ್ಬರೂ ಕೇಸು ವಾಪಸ್ ಪಡೆದರು.

ಅಷ್ಟರಲ್ಲಿ ಎಟಿ ಆಂಡ್ ಟಿ ಕೂಡ ನಟ ಲ್ಯೂಕ್ ವಿಲ್ಸನ್‌ರನ್ನು ಕರೆತಂದು ತನ್ನದೇ ಜಾಹೀರಾತು ಬಿಟ್ಟಿತ್ತು. ನಮ್ಮ ನೆಟ್‌ವರ್ಕ್ ಶೇ. 97ರಷ್ಟು ಅಮೆರಿಕನ್ನರನ್ನು ತಲುಪುತ್ತದೆ ಅಂತ. ಹರಿದ ಬಲೆಯಂತಿದ್ದ ನೀಲಿ ನಕ್ಷೆಯೂ ಇದೇ ಕಂಪನಿಯದ್ದು, ಶೇ. 97ರ ಲೆಕ್ಕವೂ ಇದೇ ಕಂಪನಿಯದ್ದು. ಒಂದು 3ಜಿಯನ್ನು ಮಾತ್ರ ಎಣಿಸಿತ್ತು, ಇನ್ನೊಂದು ಎಲ್ಲವನ್ನೂ ಸೇರಿಸಿತ್ತು. ಒಂದು ನೆಲ ಅಳೆದಿತ್ತು, ಇನ್ನೊಂದು ತಲೆ ಎಣಿಸಿತ್ತು. ಅಮೆರಿಕದ ಪಶ್ಚಿಮದಲ್ಲಿ ಮರುಭೂಮಿ, ಬೆಟ್ಟಗಳ ವಿಸ್ತಾರವೇ ಜಾಸ್ತಿ, ಜನ ಕಡಿಮೆ. ನಗರಗಳಲ್ಲಷ್ಟೇ ಟವರ್ ನಿಲ್ಲಿಸಿದರೂ ಜನರ ಲೆಕ್ಕದಲ್ಲಿ ಪಾಸಾಗಿಬಿಡಬಹುದು.

ಇಂಥ ಜಗಳಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಗೊತ್ತಾಗುವುದು ಇಷ್ಟು. ಕಂಪನಿಗಳು ಹಸಿ ಸುಳ್ಳು ಹೇಳುವುದು ಕಡಿಮೆ. ಅಂಕಿ ಸರಿಯಾಗೇ ಇರುತ್ತದೆ. ಚಾಲಾಕಿತನವೆಲ್ಲ ಯಾವುದನ್ನು ಯಾವುದರಿಂದ ಭಾಗಿಸಿದರು ಅನ್ನುವುದರಲ್ಲಿ ಇರುತ್ತದೆ.

ಅಂಕಿ ಇಲ್ಲದ ಜಾಹೀರಾತಿಗೆ ಈ ತೊಂದರೆಯೇ ಇಲ್ಲ. ಹಚ್ ಕಂಪನಿಯ ಪಗ್ ನಾಯಿ ನೆನಪಿದೆ ಅಲ್ವಾ? ಹುಡುಗ ಹೋದಲ್ಲೆಲ್ಲ ಹಿಂದೆ ಹಿಂದೆ ಓಡುತ್ತಿತ್ತು. ನೀವು ಎಲ್ಲಿಗೆ ಹೋದರೂ ನಮ್ಮ ನೆಟ್‌ವರ್ಕ್ ಹಿಂಬಾಲಿಸುತ್ತದೆ ಅನ್ನುವುದು ಅದರ ಮಾತು. ಅದನ್ನು ಅಳೆಯುವುದು ಹೇಗೆ? ನಾಯಿ ಮುದ್ದಾಗಿತ್ತು, ಅಷ್ಟೇ. ‘ಅತಿ ವೇಗ’, ‘ಅತಿ ಕಡಿಮೆ ಕಾಲ್ ಡ್ರಾಪ್’, ‘ಶೇ. 1ರಷ್ಟೇ ವ್ಯತ್ಯಾಸ’ ಅಂದ ಕೂಡಲೇ ಪ್ರತಿಸ್ಪರ್ಧಿಯ ವಕೀಲರು ಎದ್ದು ಕೂರುತ್ತಾರೆ.

ಆ ಶೇ. 1ರ ಕತೆಯೂ ಮಜವಾಗಿದೆ. 2002ರಿಂದ ವರ್ಷಗಟ್ಟಲೆ ವೆರೈಝನ್ ಜಾಹೀರಾತಿನಲ್ಲಿ ಒಬ್ಬ ಕನ್ನಡಕದ ಮನುಷ್ಯ ಬರುತ್ತಿದ್ದ. ಕಾಡು, ಹೊಲ, ರಸ್ತೆ, ಎಲ್ಲ ಕಡೆ ನಿಂತು ಫೋನಿನಲ್ಲಿ ‘ಈಗ ಕೇಳಿಸ್ತಿದೆಯಾ?’ ಅಂತ ಕೇಳುತ್ತಿದ್ದ. ನಟನ ಹೆಸರು ಪಾಲ್ ಮಾರ್ಕರೆಲಿ. 2016ರಲ್ಲಿ ಇದೇ ಮನುಷ್ಯ ಸ್ಪ್ರಿಂಟ್ ಕಂಪನಿಯ ಜಾಹೀರಾತಿನಲ್ಲಿ ಪ್ರತ್ಯಕ್ಷನಾದ. ಈಗ ಎಲ್ಲರ ನೆಟ್‌ವರ್ಕೂ ಚೆನ್ನಾಗಿದೆ, ಸ್ಪ್ರಿಂಟ್‌ಗೂ ವೆರೈಝನ್‌ಗೂ ವಿಶ್ವಾಸಾರ್ಹತೆಯಲ್ಲಿ ಶೇ. 1ರೊಳಗಿನ ವ್ಯತ್ಯಾಸ ಅಷ್ಟೇ ಅಂದ. ಅಷ್ಟಕ್ಕೆ ಜಾಸ್ತಿ ದುಡ್ಡು ಯಾಕೆ ಕೊಡ್ತೀರಿ ಅನ್ನುವುದು ಇಂಗಿತ.

ಶೇ. 1 ಅಂದರೆ ಎಷ್ಟು? ಸುಮ್ನೆ ಒಂದು ಲೆಕ್ಕ ಮಾಡೋಣ. ಒಂದು ಕಂಪನಿಯಲ್ಲಿ 100 ಕರೆಗಳಲ್ಲಿ 99.5 ಸರಿಯಾಗಿ ಹೋಗುತ್ತವೆ, ಇನ್ನೊಂದರಲ್ಲಿ 98.5 ಅಂತಿಟ್ಟುಕೊಳ್ಳಿ. ವ್ಯತ್ಯಾಸ ಒಂದೇ ಒಂದು. ಇದನ್ನೇ ಕೆಟ್ಟ ಕರೆಗಳ ಕಡೆಯಿಂದ ಎಣಿಸಿ. ಮೊದಲನೆಯದರಲ್ಲಿ 1000 ಕರೆಗೆ 5 ಹಾಳು, ಎರಡನೆಯದರಲ್ಲಿ 15. ಅಂದರೆ ಮೂರು ಪಟ್ಟು! ಒಬ್ಬರು ‘ಬರೀ ಶೇ. 1’ ಅನ್ನಬಹುದು, ಇನ್ನೊಬ್ಬರು ‘ಮೂರು ಪಟ್ಟು ಕಳಪೆ’ ಅನ್ನಬಹುದು. ಇಬ್ಬರ ಗಣಿತವೂ ಸರಿ. ಫೋನು ಕೈಕೊಟ್ಟಾಗಲೇ ನಮಗೆ ನೆಟ್‌ವರ್ಕಿನ ನೆನಪಾಗುವುದು, ಹಾಗಾಗಿ ನನಗೆ ಎರಡನೆಯ ಲೆಕ್ಕವೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಅಂದಹಾಗೆ ಸ್ಪ್ರಿಂಟ್‌ನ ಲೆಕ್ಕಕ್ಕೆ ಆಧಾರ ನೀಲ್ಸನ್ ಸಂಸ್ಥೆಯ ಡ್ರೈವ್ ಟೆಸ್ಟ್. ಅದೂ ದೊಡ್ಡ ನಗರ ಪ್ರದೇಶಗಳದ್ದು. ಹಳ್ಳಿಗಾಡು ಲೆಕ್ಕಕ್ಕೇ ಬರಲಿಲ್ಲ.

ಡ್ರೈವ್ ಟೆಸ್ಟ್ ಅಂದರೆ ಹೆಸರೇ ಹೇಳುವಂತೆ ಕಾರಿನಲ್ಲಿ ಓಡಾಡಿ ಮಾಡುವ ಪರೀಕ್ಷೆ. ಒಂದೇ ಮಾಡೆಲ್‌ನ ಹಲವು ಫೋನು, ಒಂದೊಂದರಲ್ಲಿ ಒಂದೊಂದು ಕಂಪನಿಯ ಸಿಮ್. ಕಾರು ಊರೆಲ್ಲ ಸುತ್ತುತ್ತದೆ. ಫೋನುಗಳು ತಾವೇ ಕರೆ ಮಾಡುತ್ತವೆ, ಕಟ್ ಮಾಡುತ್ತವೆ, ಮತ್ತೆ ಮಾಡುತ್ತವೆ. ಪಕ್ಕದಲ್ಲಿ ಲ್ಯಾಪ್‌ಟಾಪ್ ಎಲ್ಲವನ್ನೂ ಜಿಪಿಎಸ್ ಜೊತೆ ಬರೆದಿಡುತ್ತದೆ. ಒಂದೇ ಕ್ಷಣ, ಒಂದೇ ಜಾಗ, ಒಂದೇ ಫೋನು. ಹೋಲಿಸುವುದಕ್ಕೆ ಇದಕ್ಕಿಂತ ನ್ಯಾಯವಾದ ದಾರಿ ಸಿಗುವುದು ಕಷ್ಟ. ಆದರೆ ಕಾರು ಓಡುವುದು ರಸ್ತೆ ಮೇಲೆ. ನಾವು ಮಾತಾಡುವುದು ಅಡುಗೆಮನೆಯಲ್ಲಿ, ಲಿಫ್ಟಿನಲ್ಲಿ, ಆಸ್ಪತ್ರೆಯ ನೆಲಮಾಳಿಗೆಯಲ್ಲಿ.

ಇನ್ನೊಂದು ತೊಡಕೂ ಇದೆ. ಒಳ್ಳೆಯ ನೆಟ್‌ವರ್ಕ್‌ಗಳ ನಡುವಿನ ವ್ಯತ್ಯಾಸ ಎಷ್ಟು ಸಣ್ಣದು ಅಂದರೆ ಅದನ್ನು ಹಿಡಿಯಲು ಕರೆಗಳ ರಾಶಿಯೇ ಬೇಕು. ಒಂದರ ನಿಜವಾದ ವೈಫಲ್ಯ ಶೇ. 0.5, ಇನ್ನೊಂದರದ್ದು ಶೇ. 0.7 ಅನ್ನೋಣ. 1000 ಕರೆ ಮಾಡಿದರೆ 5 ಮತ್ತು 7 ಹಾಳಾಗಬೇಕು. ಆದರೆ ಬರೀ ಅದೃಷ್ಟದಿಂದಲೇ ಈ ಸಂಖ್ಯೆ ಎರಡು ಮೂರು ಆಚೀಚೆ ಆಗುತ್ತದೆ. ನಾಳೆ ಅದೇ ಕಾರು ಅದೇ ರಸ್ತೆಯಲ್ಲಿ ಹೋದರೆ ಗೆದ್ದವರು ಸೋಲಬಹುದು. 10,000 ಕರೆ ಮಾಡಿದರೆ 50 ಮತ್ತು 70. ಆಗಲೂ ಸಂಖ್ಯಾಶಾಸ್ತ್ರ ಬಲ್ಲವರು ‘ಬಹುಶಃ’ ಅನ್ನುತ್ತಾರೆಯೇ ಹೊರತು ‘ಖಂಡಿತ’ ಅನ್ನುವುದಿಲ್ಲ. ಜಾಹೀರಾತಿನಲ್ಲಿ ‘ಬಹುಶಃ’ ಅನ್ನುವ ಪದಕ್ಕೆ ಜಾಗವಿಲ್ಲ ಬಿಡಿ.

ಕಾರಿನ ಗೊಡವೆಯೇ ಬೇಡ, ಜನರ ಫೋನಿನಿಂದಲೇ ಅಳೆಯೋಣ ಅನ್ನುವುದು ಎರಡನೆಯ ದಾರಿ. ಊಕ್ಲಾ ಕಂಪನಿಯ ಸ್ಪೀಡ್‌ಟೆಸ್ಟ್ ಆಪ್ ಮಾಡುವುದು ಅದನ್ನೇ. ಲಕ್ಷಾಂತರ ಜನ, ಲಕ್ಷಾಂತರ ಜಾಗ. ಇದು ಎಡವಿದ ಬಗೆಯನ್ನು ನಮ್ಮ ದೇಶದಲ್ಲೇ ನೋಡಬಹುದು.

2017ರ ಮಾರ್ಚ್. ಏರ್‌ಟೆಲ್ ತಾನು ‘ಅಧಿಕೃತವಾಗಿ’ ಭಾರತದ ಅತಿ ವೇಗದ ನೆಟ್‌ವರ್ಕ್ ಅಂತ ಜಾಹೀರಾತು ಹಾಕಿತು. ಆಧಾರ ಊಕ್ಲಾ. ಜಿಯೋ ಜಾಹೀರಾತು ಮಾನದಂಡ ಮಂಡಳಿಗೆ, ಅಂದರೆ ಎಎಸ್‌ಸಿಐಗೆ, ದೂರು ಕೊಟ್ಟಿತು. ಜಿಯೋದ ವಾದದ ತಿರುಳು ಇದು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಶುರುವಾದಾಗ ತಿಂಗಳುಗಟ್ಟಲೆ ಎಲ್ಲವೂ ಫ್ರೀ. ಜನ ಏನು ಮಾಡಿದರು? ಹಳೆಯ ನಂಬರಿನ ಸಿಮ್ ಮೊದಲ ಸ್ಲಾಟಿನಲ್ಲೇ ಇಟ್ಟುಕೊಂಡರು, ನೆಟ್‌ಗೆ ಅಂತ ಎರಡನೇ ಸ್ಲಾಟಿಗೆ ಜಿಯೋ ಹಾಕಿದರು. ಇಂಥ ಫೋನಿನಲ್ಲಿ ವೇಗ ಪರೀಕ್ಷೆ ಮಾಡಿದರೆ ಡೇಟಾ ಬರುವುದು ಜಿಯೋದಿಂದ, ಆದರೆ ಆಪ್ ಮೊದಲ ಸ್ಲಾಟಿನ ಹೆಸರನ್ನೇ ಬರೆದುಕೊಳ್ಳುತ್ತದೆ. ಓಡಿದವನು ಒಬ್ಬ, ಪದಕ ಇನ್ನೊಬ್ಬನಿಗೆ ಅಂತ ಜಿಯೋ ದೂರಿತು. ಊಕ್ಲಾ ಇದನ್ನು ಒಪ್ಪಲಿಲ್ಲ, ತನ್ನ ಫಲಿತಾಂಶ ಸರಿಯಾಗೇ ಇದೆ ಅಂದಿತು. ಅದೇ ಹೊತ್ತಿಗೆ ಟ್ರಾಯ್‌ನ, ಅಂದರೆ ಕೇಂದ್ರದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಮೈಸ್ಪೀಡ್ ಆಪ್‌ನ ಪಟ್ಟಿಯಲ್ಲಿ ಜಿಯೋ ಮೊದಲ ಸ್ಥಾನದಲ್ಲಿತ್ತು! ಕೊನೆಗೆ ಎಎಸ್‌ಸಿಐ ಏರ್‌ಟೆಲ್ ಜಾಹೀರಾತು ದಾರಿ ತಪ್ಪಿಸುವಂತಿದೆ ಅಂತ ತೀರ್ಮಾನಿಸಿತು. ಏಪ್ರಿಲ್ 11ರೊಳಗೆ ಬದಲಿಸಿ ಇಲ್ಲವೇ ತೆಗೆಯಿರಿ ಅಂದಿತು.

ಸ್ಲಾಟಿನ ವಾದದಲ್ಲಿ ಯಾರು ಸರಿ ಅನ್ನುವುದಕ್ಕಿಂತ ನನಗೆ ಇಷ್ಟವಾಗುವುದು ಆ ತಕರಾರಿನ ಜಾಗ. ಕೋಟಿಗಟ್ಟಲೆ ರೂಪಾಯಿಯ ಜಾಹೀರಾತು ನಿಂತಿದ್ದದ್ದು ಫೋನಿನೊಳಗಿನ ಉಗುರಿನಷ್ಟು ಪ್ಲಾಸ್ಟಿಕ್ ಯಾವ ಕಿಂಡಿಯಲ್ಲಿ ಕೂತಿದೆ ಅನ್ನುವುದರ ಮೇಲೆ.

ಅಳೆಯುವವರು ಬೇರೆಯವರಾದಾಗಲೇ ಹೀಗೆ. ಇನ್ನು ಕಂಪನಿ ತನ್ನ ವೈಫಲ್ಯವನ್ನು ತಾನೇ ಎಣಿಸುವಾಗ? ಕಾಲ್ ಡ್ರಾಪ್‌ನ ಲೆಕ್ಕ ಹಾಗೆಯೇ. ಅದರ ಒಳಗನ್ನು ಸ್ವಲ್ಪ ಬಿಚ್ಚಿ ನೋಡೋಣ.

2ಜಿ ಕರೆಯಲ್ಲಿ ನೀವು ಮಾತಾಡುತ್ತಿರುವಾಗ ಟವರ್ ಪ್ರತಿ 0.48 ಸೆಕೆಂಡಿಗೊಮ್ಮೆ ನಿಮ್ಮ ಫೋನಿಗೆ ಒಂದು ಪುಟ್ಟ ಸಂದೇಶ ಕಳಿಸುತ್ತಿರುತ್ತದೆ. ಫೋನಿನೊಳಗೆ ಒಂದು ಎಣಿಕೆ ಓಡುತ್ತಿರುತ್ತದೆ. ಸಂದೇಶ ಓದಲು ಬರಲಿಲ್ಲ ಅಂದರೆ ಒಂದು ಕಳೆಯುತ್ತದೆ. ಓದಲು ಬಂದರೆ ಎರಡು ಕೂಡುತ್ತದೆ, ಆದರೆ ಶುರುವಿನ ಸಂಖ್ಯೆಯನ್ನು ಮೀರುವುದಿಲ್ಲ. ಎಣಿಕೆ ಸೊನ್ನೆಗೆ ಇಳಿದರೆ ಕರೆ ಸತ್ತಿತು ಅಂತ ಅರ್ಥ. ಇದಕ್ಕೆ ರೇಡಿಯೋ ಲಿಂಕ್ ಟೈಮ್‌ಔಟ್ ಅನ್ನುತ್ತಾರೆ. ಶುರುವಿನ ಸಂಖ್ಯೆ 4ರಿಂದ 64ರವರೆಗೆ ಎಷ್ಟಿರಬೇಕು ಅಂತ ನಿರ್ಧರಿಸುವುದು ಕಂಪನಿ. 4 ಇಟ್ಟರೆ ಸಿಗ್ನಲ್ ಹೋದ ಎರಡೇ ಸೆಕೆಂಡಿಗೆ ಕರೆ ಕಟ್. 64 ಇಟ್ಟರೆ ಸುಮಾರು 31 ಸೆಕೆಂಡ್ ಕರೆ ‘ಜೀವಂತ’.

ಆ 31 ಸೆಕೆಂಡ್ ನಾವೇನು ಮಾಡುತ್ತೇವೆ? ‘ಹಲೋ... ಹಲೋ... ಕೇಳಿಸ್ತಿದ್ಯಾ?’ ಅಂತ ನಾಲ್ಕು ಸಲ ಕೂಗಿ, ಬೈದುಕೊಂಡು ನಾವೇ ಕೆಂಪು ಗುಂಡಿ ಒತ್ತುತ್ತೇವೆ. ಕಂಪನಿಯ ಕಂಪ್ಯೂಟರಿನಲ್ಲಿ ಇದು ಕಾಲ್ ಡ್ರಾಪ್ ಅಲ್ಲ. ಗ್ರಾಹಕರು ಮಾತು ಮುಗಿಸಿ ಇಟ್ಟರು ಅಂತ ದಾಖಲಾಗುತ್ತದೆ. ಮೇಲಾಗಿ ಸಮಯದ ಲೆಕ್ಕದಲ್ಲಿ ದುಡ್ಡು ಕೊಡುವವರಿಗೆ ಆ ಮೌನಕ್ಕೂ ಬಿಲ್. ಸಂಖ್ಯೆ ದೊಡ್ಡದಿಡಲು ನ್ಯಾಯವಾದ ಕಾರಣವೂ ಇದೆ. ಬಸ್ಸು ಒಂದು ತಿರುವಿನ ಮರೆಗೆ ಹೋಗಿ ಮತ್ತೆ ಸಿಗ್ನಲ್ಲಿಗೆ ಬಂದರೆ ಕರೆ ಉಳಿಯಲಿ ಅಂತ. ಹಾಗಾಗಿಯೇ ಇದನ್ನು ಮೋಸ ಅಂತ ಸಾಬೀತು ಮಾಡುವುದು ಕಷ್ಟ. 2016ರ ಸುಮಾರಿಗೆ ಭಾರತದಲ್ಲಿ ಈ ಆರೋಪ ಜೋರಾಗಿಯೇ ಎದ್ದಿತ್ತು, ಕಂಪನಿಗಳು ತಳ್ಳಿಹಾಕಿದವು.

ಅದಕ್ಕೆ ಸ್ವಲ್ಪ ಮೊದಲು ಟ್ರಾಯ್ ಒಂದು ನಿಯಮ ತಂದಿತ್ತು. 2016ರ ಜನವರಿ 1ರಿಂದ ಪ್ರತಿ ಕಾಲ್ ಡ್ರಾಪ್‌ಗೆ ಗ್ರಾಹಕರಿಗೆ 1 ರೂಪಾಯಿ, ದಿನಕ್ಕೆ ಹೆಚ್ಚೆಂದರೆ ಮೂರು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ತೀರ್ಪಿನ ಒಂದು ಎಳೆ ನಮ್ಮ ಭಾಗಾಕಾರದ ಕತೆಗೇ ಸೇರುತ್ತದೆ. ಶೇ. 2ರವರೆಗೆ ಕಾಲ್ ಡ್ರಾಪ್ ಇದ್ದರೆ ನಡೆಯುತ್ತದೆ ಅಂತ ಟ್ರಾಯ್‌ನದ್ದೇ ಮಾನದಂಡವಿತ್ತು. ಅದರೊಳಗಿದ್ದ ಕಂಪನಿಗೂ ಒಂದೊಂದು ಕರೆಗೆ ದಂಡ ಹಾಕುವುದು ಹೇಗೆ ಸರಿ?

ಆ ಶೇ. 2 ಆಗ ಇಡೀ ಸರ್ಕಲ್‌ನ, ಅಂದರೆ ಒಂದು ಸೇವಾ ಪ್ರದೇಶದ, ಸರಾಸರಿ. ಕರ್ನಾಟಕ ಒಂದು ಸರ್ಕಲ್. ಬೆಂಗಳೂರಿನ ಮೆಜೆಸ್ಟಿಕ್ಕೂ ಅದರಲ್ಲೇ, ಕಳಸದ ಗುಡ್ಡದ ಮೇಲಿನ ಟವರೂ ಅದರಲ್ಲೇ. ಇನ್ನೊಂದು ಕಾಲ್ಪನಿಕ ಲೆಕ್ಕ: ರಾಜ್ಯದಲ್ಲಿ ಒಂದು ಕಂಪನಿಯ 1 ಕೋಟಿ ಕರೆ ಅನ್ನೋಣ. ಗುಡ್ಡದ ಟವರಿನಲ್ಲಿ 2000 ಕರೆ, ಅದರಲ್ಲಿ 400 ಕಟ್. ಅಲ್ಲಿಯವರಿಗೆ ಐದರಲ್ಲಿ ಒಂದು ಕರೆ ಹಾಳು. ರಾಜ್ಯದ ಸರಾಸರಿಗೆ ಇದರಿಂದ ಸೇರುವುದು ಶೇ. 0.004. ಆ ಟವರನ್ನು ರಿಪೇರಿ ಮಾಡಿದರೂ ಬಿಟ್ಟರೂ ವರದಿಯಲ್ಲಿ ಏನೂ ಕಾಣುವುದಿಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಒಂದು ಫೋಟೊ ಎಲ್ಲರೂ ನೋಡಿದರು: ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುವ ಮಗಳು, ಮಳೆಯಲ್ಲಿ ಕೊಡೆ ಹಿಡಿದು ನಿಂತ ಅಪ್ಪ. ಹತ್ತದ ನೆಟ್‌ವರ್ಕು ಯಾವ ಕಾಲ್ ಡ್ರಾಪ್ ಲೆಕ್ಕಕ್ಕೂ ಸೇರುವುದಿಲ್ಲ ಅನ್ನುವುದು ಬೇರೆ ಮಾತು. ಕರೆ ಶುರುವಾದರೆ ತಾನೇ ಕಟ್ ಆಗುವುದು!

ಸರಾಸರಿಯ ಈ ಹುಳುಕು ಟ್ರಾಯ್‌ಗೂ ಗೊತ್ತಿತ್ತು. 2017ರಲ್ಲಿ ಲೆಕ್ಕದ ಪದ್ಧತಿ ಬದಲಾಯಿತು. ಒಟ್ಟು ಸರಾಸರಿಯ ಬದಲು, ಶೇ. 90ರಷ್ಟು ಸೆಲ್‌ಗಳು (ಸೆಲ್ ಅಂದರೆ ಟವರಿನ ಒಂದು ಆಂಟೆನಾ ನೋಡಿಕೊಳ್ಳುವ ಜಾಗ) ಶೇ. 90ರಷ್ಟು ದಿನ ಶೇ. 2ರೊಳಗೆ ಇರಬೇಕು ಅಂದರು. ಉಳಿದ ಶೇ. 10 ಸೆಲ್‌ಗಳು ಎಲ್ಲಿರುತ್ತವೆ ಅಂತ ಊಹಿಸುವುದು ಕಷ್ಟವೇನಲ್ಲ. 2024ರ ಅಕ್ಟೋಬರ್‌ನಿಂದ ಇನ್ನೂ ಬಿಗಿಯಾದ ನಿಯಮಗಳು ಜಾರಿಗೆ ಬಂದವು. ಕಂಪನಿಗಳು 2ಜಿಯಿಂದ 5ಜಿಯವರೆಗೆ ಎಲ್ಲೆಲ್ಲಿ ಏನಿದೆ ಅನ್ನುವ ನಕ್ಷೆಯನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. ನಿಮ್ಮ ಊರನ್ನು ದೊಡ್ಡದು ಮಾಡಿ ನೋಡಬಹುದು, ನೋಡಲೇಬೇಕು ಕೂಡ. ಸಿಮ್ ಬದಲಿಸುವ ಮುಂಚೆ ಯಾವ ಜಾಹೀರಾತಿಗಿಂತಲೂ ಇದು ಉಪಯೋಗದ್ದು.

ಆದರೆ ನಕ್ಷೆ ಹೇಳುವುದು ಸಿಗ್ನಲ್ ಎಲ್ಲಿಯವರೆಗೆ ಬರಬಹುದು ಅಂತ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಮರ ಬಿದ್ದು ಕರೆಂಟ್ ಹೋಗುತ್ತದೆ, ಟವರಿನ ಬ್ಯಾಟರಿ ಒಂದಷ್ಟು ಗಂಟೆ ತಡೆಯುತ್ತದೆ, ಡೀಸೆಲ್ ತಂದು ಹಾಕುವವರಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ನಕ್ಷೆಯ ಬಣ್ಣ ಹಾಗೇ ಇರುತ್ತದೆ. ಇದಕ್ಕೂ ಹೊಸ ನಿಯಮದಲ್ಲಿ ಒಂದು ಪರಿಹಾರ ಇದೆ. ನೆಟ್‌ವರ್ಕ್ 24 ಗಂಟೆಗಿಂತ ಹೆಚ್ಚು ಬಿದ್ದುಹೋದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ. ಅಲ್ಲಿನ ಅಳತೆಗೋಲು ಜಿಲ್ಲೆ. ಜಿಲ್ಲೆ ಮಟ್ಟದಲ್ಲಿ ನೆಟ್‌ವರ್ಕ್ ಬಿದ್ದರೆ ಮಾತ್ರ ಲೆಕ್ಕ. ಗುಡ್ಡದ ಮೇಲಿನ ಒಂದೇ ಟವರು ಮೂರು ದಿನ ಸತ್ತುಬಿದ್ದರೆ ವ್ಯಾಲಿಡಿಟಿ ಒಂದು ದಿನವೂ ಮುಂದೆ ಹೋಗುವುದಿಲ್ಲ. ಜಿಲ್ಲಾ ಕೇಂದ್ರದಲ್ಲಿ ನೆಟ್‌ವರ್ಕ್ ಚೆನ್ನಾಗೇ ಇರುತ್ತದಲ್ಲ.