ಚಿಯಾವ್ ಮನೆತನದ ವಾಡೆ: ಇಲ್ಲದ ಸಂಪ್ರದಾಯಕ್ಕೆ ಹೆಸರಾದ ಜಾನಪದ ಸಂಗ್ರಹಾಲಯ

ಚೀನಾದ ಶಾಂಕ್ಸಿ ಪ್ರಾಂತ್ಯದ ಚಿಯಾವ್ ಮನೆತನದ ವಾಡೆ 2019ರ ಜುಲೈ 31ರಂದು ತನ್ನ 'ಐದು ಎ' ದರ್ಜೆಯನ್ನು ಕಳೆದುಕೊಂಡಿತು. ಪ್ರವಾಸಿ ತಾಣಗಳಿಗೆ ಅಲ್ಲಿನ ಸರ್ಕಾರ ಕೊಡುವ ಅತ್ಯುನ್ನತ ದರ್ಜೆ ಅದು. ವ್ಯಾಪಾರೀಕರಣ ಮಿತಿಮೀರಿದೆ ಎಂಬುದು ಕೊಟ್ಟ ಮುಖ್ಯ ಕಾರಣ. ಆದರೆ ಈ ಮನೆಯ ಕತೆ ದಾರಿ ತಪ್ಪಿದ್ದು ಅದಕ್ಕಿಂತ ಬಹಳ ಹಿಂದೆಯೇ ಎಂದು ನನಗನಿಸುತ್ತದೆ. ಜನಜೀವನದ ಆಚಾರಗಳನ್ನು ತೋರಿಸಲೆಂದು ಬಾಗಿಲು ತೆರೆದ ವಾಡೆ, ಯಾರೂ ಎಂದೂ ಆಚರಿಸದ ಒಂದು ಆಚಾರಕ್ಕೆ ಜಗತ್ತಿನಾದ್ಯಂತ ಹೆಸರಾಯಿತು.

18ನೇ ಶತಮಾನದಲ್ಲಿ ಶಾಂಕ್ಸಿಯಲ್ಲಿ ಬೇಸಾಯ ನಂಬಿ ಬದುಕುವುದು ಕಷ್ಟವಿತ್ತು. ಹೊಟ್ಟೆಪಾಡಿಗೆ ಜನ ಉತ್ತರದ ಗಡಿ ದಾಟಿ ಒಳ ಮಂಗೋಲಿಯಾಕ್ಕೆ ಗುಳೆ ಹೋಗುತ್ತಿದ್ದರು. ಹಾಗೆ ಹೋದವರಲ್ಲಿ ಚಿಯಾವ್ ಗ್ವೇಫಾ ಒಬ್ಬ. ಈಗಿನ ಬಾವ್‌ಟೌ ಊರಿರುವ ಕಡೆ ದನಕರುಗಳ ಮೇವು, ಸೋಯಾ ಗಿಣ್ಣಿನಂಥ ತೋಫು, ಮೊಳಕೆ ಕಾಳು ಮಾರಿ ಕಾಸು ಕೂಡಿಟ್ಟ. ಆ ಸಣ್ಣ ಅಂಗಡಿಯೇ ಮುಂದೆ 'ಫುಶೆಂಗ್‌ಗಾಂಗ್' ಎಂಬ ದೊಡ್ಡ ವ್ಯಾಪಾರ ಸಂಸ್ಥೆಯಾಯಿತು. ಮೊದಲು ಫುಶೆಂಗ್‌ಗಾಂಗ್ ಹುಟ್ಟಿತು, ಬಾವ್‌ಟೌ ಪಟ್ಟಣ ಆಮೇಲೆ ಬಂತು ಎಂದು ಆ ಕಡೆ ಇವತ್ತಿಗೂ ಗಾದೆಯಿದೆ.

ಸಂಪತ್ತು ನಿಜವಾಗಿ ಬೆಳೆದದ್ದು ಮೊಮ್ಮಗ ಚಿಯಾವ್ ಝಿಯೋಂಗ್ (1818–1907) ಕಾಲದಲ್ಲಿ. ಓದಿ ಸರ್ಕಾರಿ ಪರೀಕ್ಷೆ ಪಾಸು ಮಾಡಬೇಕೆಂದಿದ್ದ ಹುಡುಗ, ಅಣ್ಣ ತೀರಿಕೊಂಡದ್ದರಿಂದ ಗದ್ದುಗೆ ಮೇಲೆ ಕೂತು ಲೆಕ್ಕ ನೋಡಬೇಕಾಯಿತು. ದಾದೆತೊಂಗ್, ದಾದೆಹೆಂಗ್ ಎಂಬ ಎರಡು ಹುಂಡಿ ಕೋಠಿಗಳನ್ನು ನಡೆಸಿದ. ನಮ್ಮ ಸಾಹುಕಾರರ ಹುಂಡಿಯಂತೆಯೇ ಅಲ್ಲೂ ಬೆಳ್ಳಿಯನ್ನು ಹೊತ್ತೊಯ್ಯುವ ಬದಲು ಒಂದೂರಲ್ಲಿ ಹಣ ಕಟ್ಟಿ, ಚೀಟಿ ತೋರಿಸಿ ಇನ್ನೊಂದೂರಲ್ಲಿ ಪಡೆಯುತ್ತಿದ್ದರು. 1900ರಲ್ಲಿ ವಿದೇಶಿ ಸೇನೆಗಳು ಬೀಜಿಂಗ್‌ಗೆ ನುಗ್ಗಿದಾಗ ಪಶ್ಚಿಮಕ್ಕೆ ಓಡಿದ ರಾಜಮಾತೆ ಸಿಶಿಯ ಪರಿವಾರ ದಾರಿಯಲ್ಲಿ ತಂಗಿದ್ದು ದಾದೆತೊಂಗ್ ಕೋಠಿಯಲ್ಲೇ.

ಝಿಯೋಂಗ್ ಮನೆಯವರಿಗೆಲ್ಲ ಆರು ಕಟ್ಟಳೆ ಹಾಕಿದ್ದ. ಉಪಪತ್ನಿಯರನ್ನು ಇಟ್ಟುಕೊಳ್ಳಬಾರದು, ಆಳುಕಾಳುಗಳನ್ನು ಹಿಂಸಿಸಬಾರದು, ಸೂಳೆಗಾರಿಕೆ, ಅಫೀಮು, ಜೂಜು, ಕುಡಿತ ಕೂಡದು. ಅವನೇ ಆರು ಬಾರಿ ಮದುವೆಯಾದದ್ದು ನಿಜ. ಆದರೆ ಒಬ್ಬಳು ತೀರಿಕೊಂಡ ಮೇಲೆಯೇ ಇನ್ನೊಬ್ಬಳು ಬಂದದ್ದು. ಒಂದೇ ಸೂರಿನಡಿ ಇಬ್ಬರು ಹೆಂಡಿರು ಇರಲಿಲ್ಲ. ಈ ಮಾತು ನೆನಪಿರಲಿ.

ವಾಡೆಯ ಕಟ್ಟಡ ಶುರುವಾದದ್ದು 1756ರ ಸುಮಾರಿಗೆ. ಆಮೇಲೆ ತಲೆಮಾರು ತಲೆಮಾರಿಗೂ ಬೆಳೆಯುತ್ತ ಹೋಗಿ ಆರು ದೊಡ್ಡ ಅಂಗಳ, ಇಪ್ಪತ್ತು ಸಣ್ಣ ಅಂಗಳ, 313 ಕೋಣೆಗಳಾದವು. ಹೊರಗಿನಿಂದ ಕಾಣುವುದು ಹತ್ತು ಮೀಟರಿಗೂ ಎತ್ತರದ ಬೋಳು ಇಟ್ಟಿಗೆ ಗೋಡೆ, ಕೋಟೆಯೇ ಸರಿ. ಹೆಬ್ಬಾಗಿಲ ಎದುರಿನ ಗೋಡೆಯ ಮೇಲೆ ದೀರ್ಘಾಯುಷ್ಯದ ಒಂದೇ ಅಕ್ಷರವನ್ನು ನೂರು ಬಗೆಯಲ್ಲಿ ಇಟ್ಟಿಗೆಯಲ್ಲಿ ಕೆತ್ತಿದ್ದಾರೆ. ಒಳಗೆ ಬಂದರೆ ಪಕ್ಕದ ಕೋಣೆಗಳ ಮಾಡು ಒಂದೇ ಕಡೆಗೆ, ಅಂಗಳಕ್ಕೆ ಇಳಿಜಾರಾಗಿದೆ. ಬಿದ್ದ ಮಳೆ ನೀರೂ ಮನೆಯೊಳಗೇ ಉಳಿಯಬೇಕು, ಐಶ್ವರ್ಯ ಹೊರಗೆ ಹರಿದು ಹೋಗಬಾರದು ಎಂಬ ನಂಬಿಕೆ. ತಲೆಯೆತ್ತಿದರೆ ಮಾಡಿನ ಮೇಲೆ ನೂರನಲವತ್ತಕ್ಕೂ ಹೆಚ್ಚು ಹೊಗೆಗೂಡುಗಳು, ಪುಟ್ಟ ಗುಡಿ ಗೋಪುರಗಳಂತೆ ಬಗೆಬಗೆಯ ಆಕಾರದಲ್ಲಿ. ಹೊಗೆ ಹೋಗುವ ಕಿಂಡಿಗೂ ಇಷ್ಟು ಕೈಕೆಲಸ ಮಾಡಿದ ಗಾರೆಯವರ ಹೆಸರು ಎಲ್ಲೂ ಇಲ್ಲವಲ್ಲ ಎಂದು ಸಂಕಟವಾಗುತ್ತದೆ.

1911ರ ಕ್ರಾಂತಿಯಲ್ಲಿ ಚಿಂಗ್ ಅರಸೊತ್ತಿಗೆ ಬಿತ್ತು. ಹೊಸ ಬ್ಯಾಂಕುಗಳ ಮುಂದೆ ಹುಂಡಿ ಕೋಠಿಗಳು ನಿಲ್ಲಲಿಲ್ಲ. 1937ರ ಜಪಾನಿ ದಾಳಿಯ ಹೊತ್ತಿಗೆ ಮನೆಯವರು ಚದುರಿದರು. ಕಮ್ಯುನಿಸ್ಟ್ ಆಡಳಿತ ಬಂದ ಮೇಲೆ ವಾಡೆ ಸರ್ಕಾರದ ವಶವಾಯಿತು.

1986ರಲ್ಲಿ ಚಿ ಜಿಲ್ಲೆಯ ಆಡಳಿತ ಅದನ್ನು ಜಾನಪದ ಸಂಗ್ರಹಾಲಯವಾಗಿ ತೆರೆಯಿತು. ಬೇಸಾಯದ ಸಲಕರಣೆ, ಮದುವೆ, ಬಾಣಂತನ, ಸಾವಿನ ವಿಧಿ, ಹೊಸವರ್ಷದ ಹಬ್ಬ, ಶಾಂಕ್ಸಿ ವರ್ತಕರ ವ್ಯವಹಾರ ಎಲ್ಲಕ್ಕೂ ಕೋಣೆಗಳು ಸಿಕ್ಕವು. ಸಾಹುಕಾರನ ವಾಡೆಯಲ್ಲಿ ರೈತನ ನೇಗಿಲು ಕೂಡ ಜಾಗ ಪಡೆದದ್ದು ಸಣ್ಣ ಮಾತಲ್ಲ.

ಅಷ್ಟರಲ್ಲಿ ಚೀನಾದ ಸಿನಿಮಾ ನಿರ್ದೇಶಕ ಝಾಂಗ್ ಯಿಮೋ ಇಲ್ಲಿ 'ರೈಸ್ ದ ರೆಡ್ ಲ್ಯಾಂಟರ್ನ್' ಚಿತ್ರೀಕರಿಸಿದರು. 1991ರಲ್ಲಿ ತೆರೆಕಂಡ ಚಿತ್ರದಲ್ಲಿ ನಾಲ್ವರು ಹೆಂಡಿರ ಯಜಮಾನ ಆ ರಾತ್ರಿ ಯಾರ ಬಳಿ ಹೋಗುತ್ತಾನೋ ಅವಳ ಅಂಗಳದಲ್ಲಿ ಕೆಂಪು ಲಾಂದ್ರ ಹಚ್ಚುತ್ತಾರೆ. ಸಿನಿಮಾ ಅದ್ಭುತವೇ. ಆದರೆ ಈ ಲಾಂದ್ರದ ವಿಧಿ ಸಿನಿಮಾಕ್ಕಾಗಿ ಹುಟ್ಟಿದ್ದು, ಮೂಲ ಕಾದಂಬರಿಯಲ್ಲೂ ಇಲ್ಲ. ಶಾಂಕ್ಸಿಯಲ್ಲಿ ಕೆಂಪು ಲಾಂದ್ರ ಕಟ್ಟುವುದು ಹಬ್ಬಕ್ಕೆ, ಮದುವೆಗೆ. ಉಪಪತ್ನಿಯರನ್ನೇ ನಿಷೇಧಿಸಿದ್ದ ಮನೆ ಉಪಪತ್ನಿಯರ ಮನೆಯೆಂದು ಖ್ಯಾತವಾಯಿತು. ಜನ ಲಾಂದ್ರ ಹುಡುಕಿಕೊಂಡು ಬರತೊಡಗಿದರು.

2001ರಲ್ಲಿ ರಾಷ್ಟ್ರೀಯ ಸ್ಮಾರಕವೆಂಬ ರಕ್ಷಣೆ, 2006ರಲ್ಲಿ ಇದೇ ಮನೆತನದ ಬಗ್ಗೆ ಟಿವಿ ಧಾರಾವಾಹಿ, 2014ರಲ್ಲಿ 'ಐದು ಎ' ದರ್ಜೆ. ಜನ ಹೆಚ್ಚಿದರು, ಅಂಗಡಿಗಳು ಹೆಚ್ಚಿದವು. ಅದರ ಫಲವೇ 2019ರ ಏಟು.

ಹೋಗುವವರಿದ್ದರೆ ಮೊದಲು ಹತ್ತಿರದ ಪಿಂಗ್ಯಾವ್‌ನಲ್ಲಿ 1823ರ ಹೊತ್ತಿಗೆ ಶುರುವಾದ ರಿಶೆಂಗ್‌ಚಾಂಗ್ ಹುಂಡಿ ಕೋಠಿಯನ್ನು ನೋಡಿ. ಈ ಬಗೆಯ ಕೋಠಿಗಳಲ್ಲಿ ಅದೇ ಮೊದಲನೆಯದು. ಹಣ ಹೇಗೆ ಓಡಾಡುತ್ತಿತ್ತು ಎಂದು ಅಲ್ಲಿ ತಿಳಿದ ಮೇಲೆ ವಾಡೆಗೆ ಬಂದು, ಬೇಸಾಯದ ಮತ್ತು ವ್ಯವಹಾರದ ಕೋಣೆಗಳಲ್ಲಿ ಹೆಚ್ಚು ಹೊತ್ತು ನಿಲ್ಲಿ. ಮೇವು ಮಾರಿದವನ ಮನೆತನ 313 ಕೋಣೆಗಳ ಒಡೆತನಕ್ಕೆ ಬಂದ ಬಗೆ ಅಲ್ಲಿದೆ.