ಮುತ್ತಾತ ಉದೋಂ, ಮೊಮ್ಮಗ ಬೋಲ್ಯು: ಕ್ವಿಬೆಕ್ ಮನೆತನವೊಂದರ ಮೂಲ ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮ ಮಗಳು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮಾಂಟ್ರಿಯಲ್‌ನಲ್ಲಿ ನೆಲೆಸಿದ್ದು, ಅಲ್ಲಿಯ ಫ್ರೆಂಚ್ ಮನೆತನದ ಹುಡುಗನನ್ನು ಮದುವೆಯಾಗಿದ್ದಾಳೆ. ಮೊಮ್ಮಗನಿಗಾಗಿ ಎರಡೂ ಕಡೆಯ ವಂಶವೃಕ್ಷ ಬರೆದಿಡಲು ಹೊರಟಾಗ ಒಂದು ತೊಡಕು ಎದುರಾಯಿತು. ಅಳಿಯಂದಿರ ಮನೆತನದ ಹೆಸರು ಬೋಲ್ಯು, ಆದರೆ ಅವರ ಮುತ್ತಾತನ ಮದುವೆಯ ದಾಖಲೆಯಲ್ಲಿ ಉದೋಂ ಎಂದಿದೆ. ಬೋಲ್ಯು ಎಂದರೆ ‘ಚೆಂದದ ಜಾಗ’ ಎಂಬುದರ ಹೊರತು ನಮಗೆ ಬೇರೇನೂ ಸಿಕ್ಕಿಲ್ಲ. ಇವರ ನಿಜವಾದ ಹೆಸರು ಯಾವುದು? ಮೂಲ ಊರನ್ನು ಪತ್ತೆ ಮಾಡುವುದು ಹೇಗೆ?

ಉತ್ತರ: ಎರಡೂ ನಿಜವಾದ ಹೆಸರುಗಳೇ. ಹಳೆಯ ದಾಖಲೆಗಳಲ್ಲಿ ಇದರ ಪೂರ್ಣ ರೂಪ ‘ಉದೋಂ ದಿ ಬೋಲ್ಯು’ ಎಂದಿರುತ್ತದೆ, ಅಂದರೆ ಬೋಲ್ಯು ಎಂದು ಜನ ಕರೆಯುವ ಉದೋಂ. ನಡುವಿನ ‘ದಿ’ ಎಂಬ ಪುಟ್ಟ ಪದದ ಆಚೆಗಿರುವ ಹೆಸರನ್ನು ಅಡ್ಡಹೆಸರು ಎನ್ನೋಣ. 17 ಮತ್ತು 18ನೆಯ ಶತಮಾನದ ಕ್ವಿಬೆಕ್‌ನಲ್ಲಿ ಇಂಥ ಜೋಡಿ ಹೆಸರುಗಳು ತೀರಾ ಸಾಮಾನ್ಯವಾಗಿದ್ದವು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಮೊದಲಿನದನ್ನು, ಇನ್ನೊಬ್ಬ ಎರಡನೆಯದನ್ನು ಉಳಿಸಿಕೊಳ್ಳುವುದೂ ಇತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಜೋಡಿಗಳು ಸವೆದು ಒಂದೊಂದೇ ಹೆಸರು ನಿಂತಿತು. ನಿಮ್ಮ ಅಳಿಯಂದಿರ ಮನೆಯಲ್ಲಿ ನಿಂತದ್ದು ಬೋಲ್ಯು.

ಅಡ್ಡಹೆಸರುಗಳ ಒಂದು ದೊಡ್ಡ ಮೂಲ ಸೈನ್ಯ. ಅಲ್ಲಿಯ ಮೂಲನಿವಾಸಿಗಳಾದ ಇರೊಕ್ವಾ ಜನರೊಂದಿಗೆ ಕಾದಾಡಲು 1665ರಲ್ಲಿ ಫ್ರಾನ್ಸಿನಿಂದ ಬಂದ ಕಾರಿನ್ಯಾನ್-ಸಾಲಿಯೇರ್ ರೆಜಿಮೆಂಟಿನಲ್ಲಿ ಸುಮಾರು 1,200 ಸೈನಿಕರಿದ್ದರು. ಅವರಲ್ಲಿ ನಾನೂರರಷ್ಟು ಮಂದಿ ಹಿಂತಿರುಗದೆ ಅಲ್ಲೇ ಬೇಸಾಯಕ್ಕಿಳಿದರು. ಪ್ರತಿ ದಳದಲ್ಲೂ ಹಲವಾರು ಪಿಯೆರ್‌ಗಳು, ಹಲವಾರು ಜಾನ್‌ಗಳು ಇರುತ್ತಿದ್ದುದರಿಂದ ಸೈನಿಕನಿಗೊಂದು ಅಡ್ಡಹೆಸರು ಅಂಟುತ್ತಿತ್ತು: ಹೂವಿನ ಲಾಫ್ಲರ್, ಚಿಂತೆಯಿಲ್ಲದ ಸಾನ್ಸೂಸಿ, ಬೆಟ್ಟವನ್ನೇ ಸೀಳುವ ತ್ರಾಂಶ್‌ಮೋಂತಾನ್ಯ್. ಉಳಿದ ಅಡ್ಡಹೆಸರುಗಳು ಜಮೀನಿನಿಂದ, ತಾಯಿಯ ತವರಿನ ಹೆಸರಿನಿಂದ, ಇಲ್ಲವೇ ಬಿಟ್ಟುಬಂದ ಸೀಮೆಯಿಂದ ಹುಟ್ಟಿದವು. ಆಂಜು ಸೀಮೆಯವನು ಲಾಂಜ್ವೆನ್ ಆದದ್ದು ಹೀಗೆ.

ಆದ್ದರಿಂದಲೇ ಹೆಸರಿನ ಅರ್ಥದ ಬೆನ್ನು ಹತ್ತಬೇಡಿ ಎಂದು ಹೇಳಬೇಕಾಗುತ್ತದೆ. ಪರಸ್ಪರ ಯಾವ ರಕ್ತಸಂಬಂಧವೂ ಇಲ್ಲದ ಹಲವು ಸೈನಿಕರು ಲಾಫ್ಲರ್ ಆಗಿದ್ದರು. ಬೋಲ್ಯು ಕೂಡ ಬೇರೆ ಬೇರೆ ಮನೆತನಗಳಿಗೆ ಅಂಟಿದ ಹೆಸರೇ. ಹೆಸರಿನ ಅರ್ಥವನ್ನೂ ಕುಲಚಿಹ್ನೆಯ ಚಿತ್ರವನ್ನೂ ಚೌಕಟ್ಟು ಹಾಕಿ ಮಾರುವವರಿಗೆ ಹಣ ಕೊಡುವುದು ದಂಡ. ನಂಬಿ ಹಿಂಬಾಲಿಸಬಹುದಾದದ್ದು ಮದುವೆಯ ದಾಖಲೆಗಳ ಸರಪಳಿಯನ್ನು ಮಾತ್ರ, ಮತ್ತು ಈ ವಿಷಯದಲ್ಲಿ ಕ್ವಿಬೆಕ್‌ನವರಷ್ಟು ಅದೃಷ್ಟವಂತರು ಜಗತ್ತಿನಲ್ಲಿ ವಿರಳ.

ಕಾರಣ, ಅಲ್ಲಿಯ ಕ್ಯಾಥೊಲಿಕ್ ಪಾದ್ರಿಗಳು ದೀಕ್ಷಾಸ್ನಾನ, ಮದುವೆ, ಸಮಾಧಿ ಮೂರನ್ನೂ 17ನೆಯ ಶತಮಾನದಿಂದಲೇ ಬರೆದಿಡುತ್ತ ಬಂದರು. 1670ರ ದಶಕದ ಕೊನೆಯಿಂದ ಪ್ರತಿ ಪುಸ್ತಕಕ್ಕೂ ಎರಡು ಪ್ರತಿ ಇರುತ್ತಿದ್ದವು. ಒಂದು ಚರ್ಚಿನಲ್ಲಿ ಉಳಿದರೆ ಇನ್ನೊಂದು ನ್ಯಾಯಾಲಯಕ್ಕೆ ಹೋಗುತ್ತಿತ್ತು, ಹಾಗಾಗಿ ಒಂದು ಬೆಂಕಿಗೆ ಆಹುತಿಯಾದರೂ ಇನ್ನೊಂದು ಸಿಗುವ ಸಾಧ್ಯತೆಯಿದೆ. ಮೊದಲ ಮದುವೆಯ ದಾಖಲೆಯಲ್ಲಿ ವಧೂವರರ ಜೊತೆಗೆ ಇಬ್ಬರ ತಂದೆತಾಯಿಗಳ ಹೆಸರೂ ಅವರ ಚರ್ಚುಹೋಬಳಿಯೂ ಸಾಮಾನ್ಯವಾಗಿ ಇರುತ್ತವೆ, ಮತ್ತು ಹೆಂಗಸರನ್ನು ಸಾಯುವವರೆಗೂ ತವರುಮನೆಯ ಹೆಸರಿನಿಂದಲೇ ನಮೂದಿಸಲಾಗುತ್ತದೆ. ಮುತ್ತಾತನ ಮದುವೆಯ ದಾಖಲೆಯನ್ನು ಓದಿದರೆ ಅವರ ತಂದೆತಾಯಿಗಳ ಹೆಸರು ದೊರೆಯುತ್ತದೆ. ಅದನ್ನು ಹಿಡಿದು ಆ ತಂದೆತಾಯಿಗಳ ಮದುವೆಯನ್ನು ಹುಡುಕಬೇಕು. ಮದುವೆ ಬಹುಮಟ್ಟಿಗೆ ವಧುವಿನ ಊರಿನ ಚರ್ಚಿನಲ್ಲೇ ನಡೆಯುತ್ತಿದ್ದುದರಿಂದ ಮೊದಲು ಅಲ್ಲಿ ನೋಡುವುದು ಜಾಣತನ. ಒಂದೊಂದೇ ತಲೆಮಾರು ಹೀಗೆ ಹಿಂದಕ್ಕೆ ಹೋದಾಗ ‘ಉದೋಂ’, ‘ಬೋಲ್ಯು’, ‘ಉದೋಂ ದಿ ಬೋಲ್ಯು’ ಮೂರೂ ಅದಲುಬದಲಾಗಿ ಕಾಣಿಸುತ್ತವೆ, ಆದರೆ ಗಂಡ-ಹೆಂಡಿರ ಜೋಡಿ ಸರಿಯಾಗಿ ಕೂಡಿದ್ದರೆ ದಾರಿ ತಪ್ಪುವುದಿಲ್ಲ.

ಕಾಗುಣಿತವನ್ನೂ ನಂಬುವಂತಿಲ್ಲ. ಹೆಚ್ಚಿನ ರೈತರಿಗೆ ಓದುಬರಹ ಬರುತ್ತಿರಲಿಲ್ಲ. ಸಹಿ ಹಾಕಲು ಬಾರದೆಂದು ಹೇಳಿದರು ಎಂಬ ಸಾಲು ದಾಖಲೆಗಳ ಕೊನೆಯಲ್ಲಿ ಪದೇ ಪದೇ ಬರುತ್ತದೆ. ಪಾದ್ರಿ ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಿದ್ದರು. ಫ್ರೆಂಚಿನಲ್ಲಿ ಪದದ ಕೊನೆಯ ‘ಓ’ ಸ್ವರವನ್ನು ನಾಲ್ಕಾರು ಬಗೆಯಲ್ಲಿ ಬರೆಯಬಹುದು, ಉದೋಂ ಎಂಬುದನ್ನು ಫ್ರೆಂಚಿನಲ್ಲಿ ಬರೆಯುವಾಗ ಬರುವ ಮೊದಲ ಅಕ್ಷರ ‘H’ ಅಂತೂ ಬಾಯಲ್ಲಿ ಬರುವುದೇ ಇಲ್ಲ. ಹೀಗಾಗಿ ಗಣಕದಲ್ಲಿ ಒಂದೇ ಕಾಗುಣಿತ ಹಾಕಿ ಹುಡುಕಿ ಕೈಚೆಲ್ಲಬಾರದು.

ಸಲಕರಣೆಗಳು ಹಲವಿವೆ. ಸಿಪ್ರಿಯೆನ್ ತಾಂಗೆ ಎಂಬ ಪಾದ್ರಿ 1871ರಿಂದ 1890ರ ನಡುವೆ ಏಳು ಸಂಪುಟಗಳಲ್ಲಿ ಹೊರತಂದ ವಂಶಾವಳಿ ನಿಘಂಟಿನ ಕೊನೆಯ ಸಂಪುಟದಲ್ಲಿ ಜೋಡಿ ಹೆಸರುಗಳ ಪಟ್ಟಿಯಿದೆ. ಅಲ್ಲಲ್ಲಿ ತಪ್ಪುಗಳಿದ್ದರೂ ಯಾವ ಹೆಸರಿಗೆ ಯಾವ ಅಡ್ಡಹೆಸರು ಎಂದು ನೋಡಲು ಇಂದಿಗೂ ಉಪಯುಕ್ತ. ಮಾಂಟ್ರಿಯಲ್ ವಿಶ್ವವಿದ್ಯಾಲಯ 1966ರಲ್ಲಿ ಆರಂಭಿಸಿದ ಐತಿಹಾಸಿಕ ಜನಸಂಖ್ಯಾ ಅಧ್ಯಯನದ ಯೋಜನೆ ಈ ಚರ್ಚು ದಾಖಲೆಗಳನ್ನೆಲ್ಲ ಜೋಡಿಸಿ ಕುಟುಂಬಗಳನ್ನು ಮರುರಚಿಸಿದೆ. ಮೂಲ ಪುಟಗಳ ಚಿತ್ರ ಬೇಕಿದ್ದರೆ ದ್ರುಯೆಂ ಸಂಸ್ಥೆ 1940ರ ದಶಕದಲ್ಲಿ ತೆಗೆದ ಮೈಕ್ರೋಫಿಲ್ಮ್‌ಗಳಿವೆ. ಆಸ್ತಿ ಕ್ರಯ, ಮದುವೆಯ ಕರಾರು ಮೊದಲಾದ ನೋಟರಿ ಪತ್ರಗಳು ಕ್ವಿಬೆಕ್‌ನ ರಾಷ್ಟ್ರೀಯ ಗ್ರಂಥಾಲಯ ಮತ್ತು ಪತ್ರಾಗಾರದಲ್ಲಿವೆ.

ಸರಪಳಿ ಸರಿಯಾಗಿ ಕೂಡಿದರೆ ಎಲ್ಲಿಗೆ ತಲುಪಬಹುದು? ಉದೋಂ ದಿ ಬೋಲ್ಯು ಮನೆತನದ ಮೂಲಪುರುಷ ಪಿಯೆರ್ ಉದೋಂ. ಆಂಜು ಸೀಮೆಯ ಶೆಮಿಯೆ ಎಂಬ ಊರಿನವನು, ಕಸುಬಿನಲ್ಲಿ ಬ್ರೆಡ್ ಸುಡುವವನು. 1676ರಲ್ಲಿ ಕ್ವಿಬೆಕ್ ಪಟ್ಟಣದಲ್ಲಿ ಮಾರಿ ಗೊಬೇಯ್ ಎಂಬವಳನ್ನು ಮದುವೆಯಾಗಿ, ಸೇಂಟ್ ಲಾರೆನ್ಸ್ ನದಿಯ ದಕ್ಷಿಣ ದಂಡೆಯ ರಿವಿಯೇರ್-ಉಎಲ್‌ನಲ್ಲಿ ನೆಲೆ ನಿಂತನು. ನಿಮ್ಮ ಸರಪಳಿ ಈ ದಂಪತಿಯನ್ನು ಮುಟ್ಟಿದರೆ ಮೂಲ ಊರಿನ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ಎಲ್ಲ ಹೆಸರುಗಳೂ ಇಷ್ಟು ತೊಡಕಿನವಲ್ಲ. ಕ್ವಿಬೆಕ್‌ನಲ್ಲಿ ಅತಿ ಹೆಚ್ಚು ಮಂದಿ ಹೊತ್ತಿರುವ ಟ್ರಾಂಬ್ಲೆ ಹೆಸರು ಪೆರ್ಶ್ ಸೀಮೆಯ ರಾಂದೊನೆಯಿಂದ ಬಂದ ಪಿಯೆರ್ ಟ್ರಾಂಬ್ಲೆಯಿಂದ ಹರಿದದ್ದು. ಅವನ ಮತ್ತು ಒಜಾನ್ ಆಶೋಂಳ ಮದುವೆ 1657ರಲ್ಲಿ ನಡೆಯಿತು. ಇದಕ್ಕೆ ವಿರುದ್ಧವಾಗಿ, ರ್ವಾ ಎಂಬ ಹೆಸರಿನವರಿಗೆ ಮೂಲಪುರುಷರೇ ಹಲವರು. ಇಂಗ್ಲಿಷ್ ಅಕ್ಷರಗಳಲ್ಲಿ ಈ ಹೆಸರು ಬಂಗಾಳದ ರಾಯ್‌ನಂತೆಯೇ ಕಾಣುವುದರಿಂದ ನಮ್ಮವರು ಒಮ್ಮೆ ಹುಬ್ಬೇರಿಸುವುದುಂಟು, ಎರಡೂ ಮನೆತನಗಳಿಗೆ ಯಾವ ನಂಟೂ ಇಲ್ಲ. ಇನ್ನು ಅಪ್ಪಟ ಫ್ರೆಂಚ್ ಎನಿಸುವ ಫಾನಫ್ ಮನೆತನದ ಹಿರಿಯ ಮಥಾಯಸ್ ಫಾರ್ನ್ಸ್‌ವರ್ತ್ ಎಂಬ ಇಂಗ್ಲಿಷ್ ಹುಡುಗ; 1704ರಲ್ಲಿ ಮ್ಯಾಸಚೂಸೆಟ್ಸ್‌ನ ಗ್ರೋಟನ್‌ನಿಂದ ಸೆರೆಯಾಗಿ ಮಾಂಟ್ರಿಯಲ್ ಕಡೆಗೆ ಬಂದವನು.

ಹೆಸರು ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಲೇಖಕ ಜಾಕ್ ಕೆರುವಾಕ್ ಅವರ ಮನೆತನವೇ ಸಾಕ್ಷಿ. ಅಮೆರಿಕದ ಲೋವೆಲ್ ಪಟ್ಟಣದಲ್ಲಿ ಕ್ವಿಬೆಕ್ ಮೂಲದ ತಂದೆತಾಯಿಗೆ ಹುಟ್ಟಿದ ಅವರು 1965ರಲ್ಲಿ ಸ್ವತಃ ಪ್ಯಾರಿಸ್‌ಗೂ ಫ್ರಾನ್ಸಿನ ಬ್ರಿಟನಿ ಸೀಮೆಗೂ ಹೋಗಿ ಹಿರಿಯರ ಜಾಡು ಹುಡುಕಿ ಬರಿಗೈಯಲ್ಲಿ ಮರಳಿದರು. ಅವರ ಮೂಲಪುರುಷ 1732ರಲ್ಲಿ ಕಾಪ್-ಸೇಂತ್-ಇನ್ಯಾಸ್‌ನ ಚರ್ಚಿನಲ್ಲಿ ಲೂಯಿಸ್ ಬೆರ್ನಿಯೆ ಎಂಬವಳ ಕೈಹಿಡಿದಾಗ ಬರೆಸಿದ ಹೆಸರು ಮೋರಿಸ್-ಲೂಯಿ ಲೆ ಬ್ರಿ ದ ಕೆರುವಾಕ್. ಆತನ ನಿಜವಾದ ಹೆಸರು ಉರ್ಬೆಂ-ಫ್ರಾಂಸ್ವಾ ಲೆ ಬಿಆನ್ ದ ಕೆರ್ವೊಆಕ್, ಬ್ರಿಟನಿಯ ಉಎಲ್‌ಗೋಟ್ ಊರಿನ ನೋಟರಿಯ ಮಗ ಎಂದು ತಿಳಿದದ್ದು 1990ರ ದಶಕದ ಕೊನೆಯಲ್ಲಿ. ಲೆ ಬ್ರಿ ಎಂಬುದನ್ನೇ ನಂಬಿ ಬ್ರಿಟನಿಯ ಪುಸ್ತಕಗಳನ್ನು ತಿರುವಿದವರಿಗೆ ಆತ ಸಿಗುವಂತೆಯೇ ಇರಲಿಲ್ಲ.

ಅಳಿಯಂದಿರ ಹಿರಿಯರಲ್ಲಿ ಯಾರಾದರೂ ಅಮೆರಿಕದ ಬಟ್ಟೆ ಗಿರಣಿಗಳಿಗೆ ಹೋಗಿದ್ದರೆ ಇನ್ನೊಂದು ಪದರ ಸೇರುತ್ತದೆ. 1840ರಿಂದ 1930ರ ನಡುವೆ ಸುಮಾರು 9 ಲಕ್ಷ ಮಂದಿ ಹಾಗೆ ದಕ್ಷಿಣಕ್ಕೆ ಹೋದರು, ಅಲ್ಲಿ ಹೆಸರುಗಳು ಇಂಗ್ಲಿಷಿಗೆ ಅನುವಾದಗೊಂಡು ರ್ವಾ ಕಿಂಗ್ ಆಯಿತು, ಬ್ವಾವೆರ್ ಗ್ರೀನ್‌ವುಡ್ ಆಯಿತು. ಮರಳಿ ಬಂದವರಲ್ಲಿ ಕೆಲವರು ಹೊಸ ಹೆಸರಿನೊಂದಿಗೇ ಬಂದರು.

ವಂಶವೃಕ್ಷದಲ್ಲಿ ಯಾವ ಹೆಸರು ಬರೆಯಬೇಕೆಂದರೆ, ಆಯಾ ತಲೆಮಾರಿನ ದಾಖಲೆಯಲ್ಲಿ ಇರುವುದನ್ನೇ, ತಿದ್ದದೆ, ಮದುವೆಯ ವರ್ಷ ಮತ್ತು ಚರ್ಚಿನ ಹೆಸರಿನೊಂದಿಗೆ ಬರೆಯಿರಿ. ಮುತ್ತಾತ ಉದೋಂ ಆಗಿಯೇ ಇರಲಿ, ಮೊಮ್ಮಗ ಬೋಲ್ಯು ಆಗಿಯೇ ಇರಲಿ. ಪ್ರತಿ ಹೆಂಡತಿಯ ತವರಿನ ಹೆಸರನ್ನು ಮಾತ್ರ ಬಿಡಬೇಡಿ, ಏಕೆಂದರೆ ಎರಡು ಬೋಲ್ಯು ಕುಟುಂಬಗಳಲ್ಲಿ ನಿಮ್ಮದು ಯಾವುದೆಂದು ಗುರುತಿಸಲು ಮುಂದಿನವರಿಗೆ ನೆರವಾಗುವುದು ಅದೇ.